ಪಕ್ಕದ ಮನೆಗೊಂದು ಚೆಕ್‌ಪೋಸ್ಟು

ತಮಿಳುನಾಡಿನ ಸತ್ಯಮಂಗಲ ಕಾಡಿನ ದಿಂಬಂ ಘಾಟಿಯಲ್ಲಿ ರಾತ್ರಿ ಹೊತ್ತು ಹುಲಿಗೆ ಸಿಗುವ ಸೌಲಭ್ಯ, ಪಕ್ಕದ ಮನೆಯಲ್ಲಿ ಟೈಲ್ಸ್ ಕೂರಿಸುವ ದಿನಗಳಲ್ಲಿ ಮನುಷ್ಯನಿಗೂ ಸಿಗಬೇಕು ಎಂಬುದು ನನ್ನ ವಾದ. ನಗುವವರು ಈಗಲೇ ನಕ್ಕು ಮುಗಿಸಲಿ. 27 ತಿರುವುಗಳ ಆ ದಾರಿಗೆ 2022ರ ಫೆಬ್ರವರಿ 10ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ಬೀಗ ಬಿತ್ತು: ಸರಕು ಗಾಡಿಗಳಿಗೆ ಸಂಜೆ 6ರಿಂದ, ಕಾರು ವ್ಯಾನುಗಳಿಗೆ 9ರಿಂದ, ಬೆಳಿಗ್ಗೆ 6ರವರೆಗೆ. ಬಂಡೀಪುರದಲ್ಲಂತೂ ಇಂಥ ವ್ಯವಸ್ಥೆ 2009ರಿಂದಲೇ ಇದೆ. ಇದೆಲ್ಲ ಗಾಡಿಗೆ ಸಿಕ್ಕಿ ಸಾಯುವ ಪ್ರಾಣಿಗಳಿಗಾಗಿ ಮಾಡಿದ್ದು, ಯಾರ ನಿದ್ದೆಗಾಗಿಯೂ ಅಲ್ಲ ಎಂದು ತಿದ್ದುವವರಿದ್ದಾರೆ. ತಿದ್ದಲಿ. ಘಾಟಿಯ ಬುಡದ ಬಣ್ಣಾರಿ ಚೆಕ್‌ಪೋಸ್ಟಿನ ಅಡ್ಡಗಂಬಿ ಇಳಿದ ಮೇಲೆ ಕಾಡಿಗೆ ಒಂದು ಖಾತ್ರಿ ಸಿಗುತ್ತದೆ, ಬೆಳಗಾಗುವವರೆಗೆ ಹೆಚ್ಚಿನ ಗದ್ದಲವಿಲ್ಲ ಎಂಬ ಖಾತ್ರಿ. ನಮ್ಮ ಬಡಾವಣೆಗಳಲ್ಲಿ ಮನುಷ್ಯನಿಗೆ ಇಲ್ಲದ್ದು ಇದೊಂದೇ.

ನಮಗೂ ಕಾನೂನಿದೆಯಲ್ಲ ಎಂದರೆ, ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಲ್ಲಿ ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ಓಡಿಸುವಂತೆಯೇ ಇಲ್ಲ. ಆದರೆ ಅದೇ ನಿಯಮದಲ್ಲಿ ಹಗಲೆಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಸೂರ್ಯನೂ ಒಪ್ಪದ ಈ 16 ತಾಸಿನ ಹಗಲಲ್ಲಿ ಡ್ರಿಲ್ಲಿಗೆ ಹೊತ್ತುಗೊತ್ತಿನ ಕಟ್ಟಿಲ್ಲ, ಡೆಸಿಬಲ್ಲಿನ ಕಟ್ಟು ಮಾತ್ರ ಇದೆ. ಡೆಸಿಬಲ್ ಎಂಬುದೋ ಮೋಸದ ಲೆಕ್ಕ. ಹತ್ತು ಹೆಚ್ಚಾದರೆ ಶಬ್ದದ ಶಕ್ತಿ ಹತ್ತುಪಟ್ಟು. ಗ್ರಾನೈಟ್ ಕೊಯ್ಯುವ ಯಂತ್ರದ ಬಳಿ 95 ಮುಟ್ಟಿತೆಂದರೆ ಮಿತಿಗಿಂತ ಹತ್ತುಸಾವಿರ ಪಟ್ಟು. ಇದನ್ನು ಅಳೆದು ತೋರಿಸಲು ನಾವೇ ಮೀಟರು ಹಿಡಿದು ಕಾಂಪೌಂಡಿನ ಮೇಲೆ ಬಗ್ಗಿದರೆ ಸಂಬಂಧ ಹಳಸುತ್ತದೆ. ಅದೂ ಅಲ್ಲದೆ ಮನುಷ್ಯನನ್ನು ಹಣ್ಣು ಮಾಡುವುದು ಸದ್ದಿನ ಎತ್ತರಕ್ಕಿಂತ ಹೆಚ್ಚಾಗಿ ಅದರ ಅನಿಶ್ಚಿತತೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ತಮ್ಮ ಪ್ರಯೋಗಗಳನ್ನು 1972ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಗೊತ್ತಾದ ಹೊತ್ತಿಗೆ ಬರುವ ಸದ್ದು ಕೇಳಿದವರಿಗೆ ಆಮೇಲೆ ಹೆಚ್ಚು ತೊಂದರೆಯಾಗಲಿಲ್ಲ. ಯಾವಾಗ ಬರುತ್ತದೋ ತಿಳಿಯದ ಅಷ್ಟೇ ಜೋರಿನ ಸದ್ದು ಕೇಳಿದವರು ಮಾತ್ರ, ಸದ್ದು ನಿಂತ ಮೇಲೂ, ಕರಡು ತಿದ್ದುವಾಗ ಹೆಚ್ಚು ತಪ್ಪು ಬಿಟ್ಟರು, ಬಿಡಿಸಲಾಗದ ಒಗಟುಗಳನ್ನು ಬೇಗನೆ ಕೈಬಿಟ್ಟರು. ಇನ್ನೊಂದು ಗುಂಪಿಗೆ, ಬೇಕೆಂದರೆ ಒತ್ತಿ ಸದ್ದು ನಿಲ್ಲಿಸಿ ಎಂದು ಒಂದು ಗುಂಡಿ ಕೊಟ್ಟಿದ್ದರು. ಹೆಚ್ಚಿನವರು ಅದನ್ನು ಒತ್ತಲೇ ಇಲ್ಲ, ಗುಂಡಿ ಇದೆಯೆಂಬ ಧೈರ್ಯದಲ್ಲೇ ಚೆನ್ನಾಗಿ ಕೆಲಸ ಮಾಡಿದರು. ಡ್ರಿಲ್ಲು ನಿಂತಾಗ ಬರುವ ಮೌನ ಯಾಕೆ ಡ್ರಿಲ್ಲಿಗಿಂತ ಭಯಂಕರ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಸದ್ದು ಬೇಡವಾದವನು ತನ್ನ ಕಿಟಕಿಗೆ ದಪ್ಪ ಗಾಜು ಹಾಕಿಸಿಕೊಳ್ಳಲಿ ಎನ್ನುವವರಿಗೆ ಲಂಡನ್ನಿನ ಲೇಖಕ ಥಾಮಸ್ ಕಾರ್ಲೈಲ್ ಸಾಕು. ನೆರೆಯವರ ಕೋಳಿ, ಪಿಯಾನೊಗಳಿಂದ ರೋಸಿಹೋದ ಆ ಪುಣ್ಯಾತ್ಮ 1853ರಲ್ಲಿ ಮನೆಯ ನೆತ್ತಿಯ ಮೇಲೆ ಜೋಡಿಗೋಡೆಯ ನಿಶ್ಶಬ್ದ ಕೋಣೆ ಕಟ್ಟಿಸಹೊರಟ. ಅಂದರೆ ಸದ್ದು ತಪ್ಪಿಸಿಕೊಳ್ಳಲು ಬಡಗಿ, ಗಾರೆಯವರನ್ನು ತನ್ನ ಮನೆಗೇ ಕರೆಸಿಕೊಂಡ. ಕೋಣೆಯೇನೋ ಎದ್ದಿತು, ನಿಶ್ಶಬ್ದ ಮಾತ್ರ ಬರಲಿಲ್ಲ. ಕೋಳಿ ಸಾಕಿದವರ ಜೊತೆ ಮಾತುಕತೆಗೆ ಹೋಗಬೇಕಾದವಳು ಹೆಂಡತಿ ಜೇನ್.

ಕಾರ್ಲೈಲನಿಗಿಂತ, ದಿಂಬಂ ಘಾಟಿಯ ಮೇಲಿನ ಹಾಸನೂರಿನ ಆನೆ ಮೇಲು. ಕಬ್ಬಿನ ಲಾರಿಗಳು ಕಾರಪಳ್ಳಂ ಚೆಕ್‌ಪೋಸ್ಟಿನ ದಾರಿಯಲ್ಲಿ ಸಕ್ಕರೆ ಕಾರ್ಖಾನೆಯ ಕಡೆಗೆ ಇಳಿಯುತ್ತವೆ ಎಂಬುದು ಅಲ್ಲಿನ ಆನೆಗಳಿಗೆ ಗೊತ್ತು. ರಸ್ತೆಗೆ ಬಂದು ನಿಲ್ಲುತ್ತವೆ, ಲಾರಿ ನಿಲ್ಲುತ್ತದೆ, ಸೊಂಡಿಲು ನೀಳುತ್ತದೆ, ಒಂದಷ್ಟು ಕಬ್ಬು ಇಳಿಯುತ್ತದೆ. ಅರ್ಜಿ ಇಲ್ಲ, ವಾಗ್ವಾದ ಇಲ್ಲ. ಈ ಪದ್ಧತಿಯನ್ನು ಬಡಾವಣೆಗೆ ತಂದರೆ ಹೇಗೆ ಎಂದು ಯೋಚಿಸುವುದರಲ್ಲಿ ಒಂದು ಸುಖವಿದೆ. ಪಕ್ಕದ ಮನೆಯವರು ಗೇಟು ತೆರೆಯುವ ಹೊತ್ತಿಗೆ ನಾವು ಹೋಗಿ ಸುಮ್ಮನೆ ನಿಲ್ಲುವುದು. ಬೈಯುವಂತಿಲ್ಲ, ಆನೆ ಬೈಯುವುದಿಲ್ಲ. ‘ಏನ್ ಸಾರ್ ಬೆಳಿಗ್ಗೆ ಬೆಳಿಗ್ಗೆ?’ ಎಂದು ಕೇಳಿದರೆ ಕಿವಿ ಆಡಿಸಬಹುದು, ಅಷ್ಟೇ. ಗೋಡೆ ಕೊರೆದು ವೈರಿಂಗ್ ಮಾಡುವ ದಿನ ಒಂದು ಡಬರಿ ಕಾಫಿ, ಹಳೆ ಟೈಲ್ಸ್ ಒಡೆಯುವ ದಿನ ಉಪ್ಪಿಟ್ಟೂ ಸೇರಿ, ಗ್ರಾನೈಟಿಗೆ ಹೋಳಿಗೆಗಿಂತ ಕಡಿಮೆ ಇಲ್ಲ. ತುಪ್ಪ ಬೇರೆ. ವಾಸ್ತುವಿನ ನೆಪದಲ್ಲಿ ಕಟ್ಟಿದ್ದನ್ನೇ ಒಡೆದು ಮತ್ತೆ ಕಟ್ಟಿದರೆ ದುಪ್ಪಟ್ಟು ಸುಂಕ, ಅದರಲ್ಲಿ ಅರ್ಧ ಜೋಯಿಸರಿಂದ ವಸೂಲು. ಗೃಹಪ್ರವೇಶದ ಊಟವನ್ನು ಇದರಲ್ಲಿ ಮುರಿದುಕೊಳ್ಳುವಂತಿಲ್ಲ. ಕೊರತೆ ಒಂದೇ: ಆನೆಯ ತೂಕ ನಮಗಿಲ್ಲ. ಗೇಟಿಗೆ ಅಡ್ಡ ನಿಂತ ನಾವು ಪಕ್ಕಕ್ಕೆ ಸರಿಸಬಹುದಾದ ಗಾತ್ರದವರು.

ಹಾಗಾಗಿ ಸುಂಕ ಬಿಟ್ಟು ಬೀಗದ ಹೊತ್ತಿಗೇ ಬರಬೇಕು: ಮಧ್ಯಾಹ್ನ ಎರಡು ತಾಸು ಯಂತ್ರ ಸುಮ್ಮನಿರಲಿ. ಇಲ್ಲಿ ಎದುರಾಗುವ ಆಕ್ಷೇಪ ನಗುವಂಥದ್ದಲ್ಲ. ದಿಂಬಂ ಮುಚ್ಚಿದಾಗ ಘಾಟಿಯ ಮೇಲಿನ ತಾಳವಾಡಿಯ ಜನ ಬೀದಿಗಿಳಿದಿದ್ದರು. ಕೊಯ್ದ ತರಕಾರಿ ಹುಲಿಯ ನಿದ್ದೆಗೆ ಕಾಯುವುದಿಲ್ಲ, ದೊಡ್ಡ ಆಸ್ಪತ್ರೆಯೂ ಘಾಟಿಯ ಕೆಳಗಿದೆ. ಆಮೇಲೆ ಕೋರ್ಟು ಸ್ಥಳೀಯರಿಗೆ ಸಡಿಲಿಕೆ ಕೊಟ್ಟಿತು. ನೆಮ್ಮದಿ ಒಬ್ಬರದು, ನಷ್ಟ ಇನ್ನೊಬ್ಬರದು ಎಂಬ ಈ ದೂರು ಡ್ರಿಲ್ಲಿನ ವಿಷಯದಲ್ಲೂ ಬರುತ್ತದೆ: ಕೆಲಸ ನಿಂತರೆ ಕೂಲಿ ಯಾರದು ಹೋಯಿತು? ಕಾರ್ಖಾನೆಯಲ್ಲಾದರೆ ದಿನಕ್ಕೆ 8 ತಾಸಿಗೆ 90 ಡೆಸಿಬಲ್ ಎಂಬ ಮಿತಿಯಾದರೂ ಇದೆ. ಇಲ್ಲಿ ಬಿಳಿ ದೂಳಿನ ನಡುವೆ ಕುಕ್ಕರಗಾಲಲ್ಲಿ ಕೂತು ಕಲ್ಲು ಕೊಯ್ಯುವ ಹುಡುಗ ಮೂಗಿಗೆ ಟವೆಲು ಸುತ್ತಿಕೊಂಡಿರುತ್ತಾನೆ, ಕಿವಿಗೆ ಏನೂ ಇರುವುದಿಲ್ಲ. ನಮಗೆ ಗೋಡೆಯಾಚೆಯಿಂದ ಬರುವುದು ಅವನು ತಿಂದು ಉಳಿಸಿದ ಸದ್ದು. ಈ ಮನೆ ಮುಗಿದರೆ ನಮ್ಮ ಕಾಟ ಮುಗಿಯಿತು, ಅವನಿಗೆ ಮುಂದಿನ ಮನೆ ಇದೆ. ಅವನ ಕಿವಿಗೆ ಎರಡು ತಾಸು ಬಿಡುವು ಸಿಗುವುದನ್ನು ನನ್ನ ವಾದದ ಉಪಲಾಭ ಎಂದು ಬರೆದುಕೊಳ್ಳಲು ನಾಚಿಕೆಯಾಗುತ್ತದೆ. ಲೆಕ್ಕಕ್ಕೆ ಮೊದಲು ಬರಬೇಕಾದದ್ದು ಅದೇ.

ಮೇಸ್ತ್ರಿ ಯಾವ ಹೊತ್ತಿಗೆ ಬರುತ್ತಾನೆಂದು ಮನೆಯವರಿಗೇ ಗೊತ್ತಿರುವುದಿಲ್ಲ, ವೇಳಾಪಟ್ಟಿ ಎಲ್ಲಿಂದ ತರುವುದು ಎಂಬ ಪ್ರಶ್ನೆ ಉಳಿಯಿತು. ದಿಂಬಂನ ಜಾಣತನ ಇರುವುದು ಇಲ್ಲೇ. ಲಾರಿ ಯಾವಾಗ ಬರಬೇಕೆಂದು ಚೆಕ್‌ಪೋಸ್ಟು ಹೇಳುವುದಿಲ್ಲ, ಯಾವಾಗ ಬರಕೂಡದು ಎಂದಷ್ಟೇ ಹೇಳುತ್ತದೆ. ಹಾಗೆಯೇ ಮಧ್ಯಾಹ್ನ 1ರಿಂದ 3ರವರೆಗೆ ಯಂತ್ರಕ್ಕೆ ಬೀಗ. ಹಸುಗೂಸಿಗೆ, ರಾತ್ರಿ ಪಾಳಿ ಮುಗಿಸಿ ಬಂದ ನರ್ಸಿಗೆ, ಡ್ರೈವರಿಗೆ ಅಷ್ಟಾದರೂ ಸಿಗಲಿ. ಕೂಲಿ ಮುರಿಯಬೇಕಾಗಿಲ್ಲ. ಊಟಕ್ಕೆ ಹೇಗೂ ಒಂದು ತಾಸು ಹೋಗುತ್ತದೆ. ಮಿಕ್ಕದ್ದರಲ್ಲಿ ಟೈಲ್ಸ್ ನೆನೆಹಾಕುವುದು, ಸಂದಿಗೆ ಬಿಳಿ ಸಿಮೆಂಟು ತುಂಬುವುದು, ಗೋಡೆಗೆ ನೀರು ಹೊಡೆಯುವುದು ಎಂಬ ಸದ್ದಿಲ್ಲದ ಕೆಲಸಗಳಿಗೇನು ಬರವೇ? ನೆಲಕ್ಕೆ ಪಾಲಿಶ್ ಹಾಕುವ ಯಂತ್ರಕ್ಕೆ ಮಾತ್ರ ನನ್ನ ಬಳಿ ವಾದವಿಲ್ಲ. ಅದು ಬಂದ ವಾರ ಅತ್ತೆ ಮನೆಗೆ ಹೊರಡುವುದೇ ಸರಿ, ಅಲ್ಲೂ ಪಕ್ಕದವರು ಮಹಡಿ ಕಟ್ಟಿಸುತ್ತಿಲ್ಲವೆಂದು ಮೊದಲೇ ಫೋನಿನಲ್ಲಿ ವಿಚಾರಿಸಿಕೊಂಡು.