ಸ್ವಗೃಹ-ಸ್ವಪಕ್ಷ-ಧಿಕ್ಕಾರಧ್ವನಿ: ಒಂದು ತಾತ್ವಿಕ ಅನುಸಂಧಾನ

ಕೀಲಿಪದಗಳು: ಬೂ, ಧ್ವನಿ, ಅಸ್ಮಿತೆ, ಪ್ರತಿರೋಧ, ಬೂ.

1. ಪೀಠಿಕೆ, ಉದ್ದೇಶ ಮತ್ತು ವ್ಯಾಪ್ತಿ

ತಮ್ಮದೇ ಊರಿನ ಮೈದಾನಕ್ಕೆ, ತಮ್ಮದೇ ದುಡ್ಡಿನಲ್ಲಿ ಟಿಕೆಟ್ ಕೊಂಡು, ತಮ್ಮದೇ ತಂಡದ ಬಣ್ಣದ ಮಫ್ಲರ್ ಸುತ್ತಿಕೊಂಡು ಬಂದು ಕೂತ ಫುಟ್‌ಬಾಲ್ ಪ್ರೇಕ್ಷಕರು ತಮ್ಮದೇ ಆಟಗಾರರನ್ನು ನೋಡಿ ‘ಬೂ’ ಎಂದು ಊಳಿಡುವ ವಿದ್ಯಮಾನವನ್ನು ಒಂದು ಸಾಂಸ್ಕೃತಿಕ ಪಠ್ಯವಾಗಿ ಓದುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿರುತ್ತದೆ. ಕನ್ನಡದಲ್ಲಿ ಈ ಕುರಿತು ಈವರೆಗೆ ಗಂಭೀರ ಅಧ್ಯಯನ ನಡೆದಿಲ್ಲವೆಂಬುದು ವಿಷಾದದ ಸಂಗತಿ. (ಪ್ರತಿಯೊಂದು ಪ್ರಬಂಧವೂ ಈ ವಾಕ್ಯವನ್ನು ಹೊತ್ತುಕೊಂಡೇ ಹುಟ್ಟಬೇಕು. ಹಿಂದಿನವರು ಬರೆದದ್ದನ್ನು ಓದುವ ಕಷ್ಟ ಇದರಿಂದ ತಪ್ಪುತ್ತದೆ.)

ಸದರಿ ವಿದ್ಯಮಾನಕ್ಕೆ ‘ಸ್ವಗೃಹ-ಸ್ವಪಕ್ಷ-ಧಿಕ್ಕಾರಧ್ವನಿ’ ಎಂಬ ಪಾರಿಭಾಷಿಕವನ್ನು ಸೂಚಿಸುತ್ತಿದ್ದೇನೆ. ಇನ್ನು ಮುಂದೆ ಇದನ್ನು ‘ಸ್ವಸ್ವಧಿ’ ಎಂದು ಕರೆಯಲಾಗುವುದು. ಸ್ವಸ್ವಧಿ ಎಂದರೆ, ಪ್ರಭುತ್ವ ಮತ್ತು ಪ್ರೇಕ್ಷಕತ್ವಗಳ ನಡುವಣ ಯಜಮಾನಿಕೆಯ ಕಥನವನ್ನು ನಿರ್ವಚಿಸುತ್ತಲೇ ನಿರಚನಗೊಳಿಸುವ, ಅಸ್ಮಿತೆಯ ಅಂಚಿನ ನೆಲೆಯಿಂದ ಹೊಮ್ಮುವ, ಸಾಮುದಾಯಿಕ-ಸ್ವರಾತ್ಮಕ ಪ್ರತಿಸಂಕಥನ. ಅರ್ಥವಾಗದಿದ್ದರೆ ಚಿಂತಿಸಬೇಕಿಲ್ಲ. ಈ ವಾಕ್ಯ ಬರೆದ ಮೇಲೆ ನನಗೂ ವಿಚಾರ ಸಂಕಿರಣಗಳಿಗೆ ಕರೆ ಬರುವ ಸಂಭವ ಹೆಚ್ಚಿದೆ.

ಇಂಥ ವಾಕ್ಯಗಳನ್ನು ಕೇಳುತ್ತಾ ಎಷ್ಟೋ ಮಧ್ಯಾಹ್ನಗಳನ್ನು ಕಳೆದ ಮೇಲೆ ಒಂದು ಸಂಗತಿ ಸ್ಪಷ್ಟವಾಗಿದೆ. ನೂರು ಜನ ಸೇರಿ ಒಬ್ಬನನ್ನು ಅವಮಾನಿಸಿದರೆ ಅದಕ್ಕೆ ವಿದ್ವಾಂಸರಲ್ಲಿ ‘ಅನುಸಂಧಾನ’ ಎಂಬ ಹೆಸರಿದೆ. ಸಾವಿರ ಜನ ಸೇರಿದರೆ ‘ಸಂವಾದ’. ಅರವತ್ತು ಸಾವಿರ ಜನ ಸೇರಿದರೆ, ಟೈ ಕಟ್ಟಿಕೊಂಡ ಮಾಜಿ ಆಟಗಾರನೊಬ್ಬ ಟಿವಿ ಸ್ಟುಡಿಯೋದಲ್ಲಿ ಕಾಲಮೇಲೆ ಕಾಲು ಹಾಕಿ ಕೂತು, ‘ಇದು ಅಭಿಮಾನಿಗಳ ಭಾವನಾತ್ಮಕ ಹೂಡಿಕೆ’ ಎನ್ನುತ್ತಾನೆ. ಈ ಪ್ರಬಂಧ ಎರಡೂ ಪರಂಪರೆಗಳಿಗೆ ಋಣಿಯಾಗಿದೆ.

2. ಪೂರ್ವಸೂರಿಗಳು

ಯಾವ ವಿಷಯವನ್ನೇ ಎತ್ತಿಕೊಳ್ಳಿ, ಭರತಮುನಿ ಅದನ್ನು ಆಗಲೇ ಹೇಳಿ ಮುಗಿಸಿರಬೇಕು. ಈ ವಿಷಯದಲ್ಲಂತೂ ನಿಜಕ್ಕೂ ಹೇಳಿದ್ದಾನೆ. ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ಕುರಿತೇ ಒಂದು ಅಧ್ಯಾಯವಿದೆ. ಪ್ರೇಕ್ಷಕರು ಮುಗುಳ್ನಕ್ಕರೆ, ‘ಸಾಧು’ ಎಂದರೆ, ‘ಅಹೋ’ ಎಂದರೆ, ರೋಮಾಂಚನಗೊಂಡು ಎದ್ದು ನಿಂತರೆ, ಮೈಮೇಲಿನ ಬಟ್ಟೆಯನ್ನೇ ತೆಗೆದು ಉಡುಗೊರೆ ಕೊಟ್ಟರೆ ಪ್ರಯೋಗ ಗೆದ್ದಿತೆಂದು ಲೆಕ್ಕ. ಕೊನೆಯದನ್ನು ಇಂಗ್ಲೆಂಡಿನ ಗ್ಯಾಲರಿಗಳಲ್ಲಿ ಡಿಸೆಂಬರ್ ಚಳಿಯಲ್ಲೂ ಅಂಗಿ ಬಿಚ್ಚಿ ಬೀಸುವ ಧಡೂತಿ ಗಂಡಸರು ಇಂದಿಗೂ ಪಾಲಿಸುತ್ತಿದ್ದಾರೆ.

ಪ್ರಯೋಗ ಕೆಡಿಸುವ ‘ಘಾತ’ಗಳನ್ನೂ ಮುನಿ ವಿಂಗಡಿಸಿದ್ದಾನೆ. ಗಾಳಿ, ಬೆಂಕಿ, ಮಳೆ, ಆನೆ, ಹಾವು ಬಂದು ಕೆಡಿಸಿದರೆ ದೈವಘಾತ. ನಟನೇ ಮಾತು ಮರೆತು ಕೆಡಿಸಿಕೊಂಡರೆ ಆತ್ಮಸಮುತ್ಥ. ಹೊಟ್ಟೆಕಿಚ್ಚಿನವರು ಬಂದು ಕಿರುಚಿ, ಸೆಗಣಿ, ಮಣ್ಣುಹೆಂಟೆ ಎಸೆದು ಕೆಡಿಸಿದರೆ ಪರಸಮುತ್ಥ. ಸೂಕ್ಷ್ಮ ಸಮಸ್ಯೆ ಇಲ್ಲೇ ಇದೆ. ಕಿರುಚುವ ಕೆಲಸವನ್ನು ಭರತ ಕೊಟ್ಟದ್ದು ಶತ್ರುಗಳಿಗೆ. ಇಡೀ ವರ್ಷದ ಸೀಸನ್ ಟಿಕೆಟನ್ನು ಮುಂಗಡ ಕೊಟ್ಟು ಖರೀದಿಸಿ, ಹೆಂಡತಿ ಮಕ್ಕಳಿಗೂ ಅದೇ ಜೆರ್ಸಿ ತೊಡಿಸಿ, ಆಮೇಲೆ ಬಂದು ಕಿರುಚುವವನು ಪರನೋ ಆತ್ಮನೋ? ಮುನಿಯ ಮೌನವನ್ನು ಪ್ರಸ್ತುತ ಸಂಶೋಧಕ ಹತ್ತು ಪುಟಗಳಲ್ಲಿ ಚರ್ಚಿಸಿದ್ದ. ಸಂಪಾದಕರು ಕತ್ತರಿಸಿದ್ದಾರೆ.

3. ಪ್ರಭೇದಗಳು

ಸ್ವಸ್ವಧಿಯಲ್ಲಿ ಹದಿನಾರು ಪ್ರಭೇದ, ಪ್ರತಿಯೊಂದಕ್ಕೂ ಮೂರು ಉಪಪ್ರಭೇದ, ಒಟ್ಟು ನಲವತ್ತೆಂಟು.

ಮೊದಲನೆಯದು ಸ್ಪರ್ಶಾನುಸಾರಿ. ಗೊತ್ತುಪಡಿಸಿದ ಆಟಗಾರನ ಕಾಲಿಗೆ ಚೆಂಡು ತಾಗಿದಾಗಲೆಲ್ಲ ಬೂ, ಚೆಂಡು ಬಿಟ್ಟರೆ ಮೌನ. 2022ರ ಮಾರ್ಚ್ 13ರಂದು ಪ್ಯಾರಿಸ್ಸಿನ ಪಾರ್ಕ್ ದೆ ಪ್ರಾನ್ಸ್ ಮೈದಾನದಲ್ಲಿ ಪಿಎಸ್‌ಜಿ ತಂಡ ಬೋರ್ಡೊ ವಿರುದ್ಧ 3-0ಯಿಂದ ಗೆಲ್ಲುತ್ತಿದ್ದಾಗ ಅದರ ಸ್ವಂತ ಅಭಿಮಾನಿಗಳು ಮೆಸ್ಸಿ ಮತ್ತು ನೇಮಾರ್‌ಗೆ ಮಾಡಿದ್ದು ಇದನ್ನೇ. ನಾಲ್ಕು ದಿನದ ಹಿಂದೆ ತಂಡ ಮ್ಯಾಡ್ರಿಡ್‌ನಲ್ಲಿ ಸೋತು ಚಾಂಪಿಯನ್ಸ್ ಲೀಗ್‌ನಿಂದ ಹೊರಬಿದ್ದಿತ್ತು. ನೇಮಾರ್ ಗೋಲು ಹೊಡೆದ, ಅದಕ್ಕೂ ಬೂ. ಮೆಸ್ಸಿಯ ಪಾದಕ್ಕೆ ಚೆಂಡು ತಾಗುವುದನ್ನು ನೋಡಲಿಕ್ಕೆಂದೇ ಜಗತ್ತಿನ ಅರ್ಧ ಭಾಗ ನಿದ್ದೆಗೆಟ್ಟು ಕೂರುತ್ತಿದ್ದ ಕಾಲ ಅದು.

ಎರಡನೆಯದು ಓಷ್ಠವಾಯುಜನ್ಯ, ಅರ್ಥಾತ್ ಶಿಳ್ಳೆ. ಗಾಂಧಿನಗರದ ಚಿತ್ರಮಂದಿರದಲ್ಲಿ ನಾಯಕ ತೆರೆಯ ಮೇಲೆ ಕಾಣಿಸಿಕೊಂಡಾಗ ಬೀಳುವ ಶಿಳ್ಳೆಯನ್ನೇ ನಂಬಿಕೊಂಡು ಕನ್ನಡಿಗನೊಬ್ಬ ಮ್ಯಾಡ್ರಿಡ್‌ನ ಬೆರ್ನಬೇವು ಕ್ರೀಡಾಂಗಣಕ್ಕೆ ಹೋದರೆ, ರಿಯಲ್ ಮ್ಯಾಡ್ರಿಡ್ ಆಟಗಾರರು ಎಷ್ಟು ಜನಪ್ರಿಯರು ಎಂದುಕೊಂಡು ಹಿಂದಿರುಗುವ ಅಪಾಯವಿದೆ. ಸ್ಪೇನಿನಲ್ಲಿ ಶಿಳ್ಳೆಯೇ ಬೂ. ಅದೂ ಸಾಲದಾದಾಗ ಬಿಳಿ ಕರವಸ್ತ್ರ ಬೀಸುತ್ತಾರೆ. ಬಾಲಕನಾಗಿದ್ದಾಗಲೇ ಕ್ಲಬ್ಬಿಗೆ ಸೇರಿ, ಮೂರು ಚಾಂಪಿಯನ್ಸ್ ಲೀಗ್ ಗೆದ್ದು, ನಾಯಕನಾಗಿ ಸ್ಪೇನಿಗೆ 2010ರ ವಿಶ್ವಕಪ್ ತಂದ ಗೋಲ್‌ಕೀಪರ್ ಇಕೇರ್ ಕಸಿಯಾಸ್‌ಗೆ ಕೊನೆಯ ವರ್ಷಗಳಲ್ಲಿ ಅದೇ ಮೈದಾನ ಶಿಳ್ಳೆ ಹೊಡೆಯಿತು. 2015ರ ಜುಲೈನಲ್ಲಿ ಅವನು ಮಾಧ್ಯಮದವರೆದುರು ಒಬ್ಬನೇ ಕೂತು, ಅತ್ತು, ಪೋರ್ಚುಗಲ್ಲಿಗೆ ಹೋದ. 2005ರ ನವೆಂಬರ್‌ನಲ್ಲಿ ಬಾರ್ಸಿಲೋನಾದ ರೊನಾಲ್ಡಿನ್ಯೋ ಬಂದು ರಿಯಲ್ ತಂಡವನ್ನು ಚಿಂದಿ ಮಾಡಿದಾಗ ಇದೇ ಬೆರ್ನಬೇವುವಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು ಎಂಬುದನ್ನು ರಸಿಕತೆಯ ಕಲಮಿನಲ್ಲಿ ದಾಖಲಿಸತಕ್ಕದ್ದು.

ಮೂರನೆಯದು ಪರಪ್ರಶಂಸಾಮುಖಿ. 2014ರ ವಿಶ್ವಕಪ್ ಸೆಮಿಫೈನಲ್, ಬೆಲೊ ಹೊರಿಜೊಂಟೆ, ಬ್ರೆಜಿಲ್ 1, ಜರ್ಮನಿ 7. ಏಳನೆಯ ಗೋಲಿಗೆ ಬ್ರೆಜಿಲಿನವರೇ ಚಪ್ಪಾಳೆ ಹೊಡೆದರು. ತಮ್ಮ ಫಾರ್ವರ್ಡ್ ಫ್ರೆಡ್‌ನಿಗೆ ಮಾತ್ರ ಬೂ. ಏಳು ಗೋಲು ಬಿಟ್ಟದ್ದು ಅವನಲ್ಲ.

ನಾಲ್ಕನೆಯದು ಉಚ್ಚಾಟನಪರ. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಭಾರತ ಅಫ್ಘಾನಿಸ್ತಾನಕ್ಕೆ 1-2ರಿಂದ ಸೋತಿತು. ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿಗೆ ಅದು ಭಾರತದ ಪರ 150ನೆಯ ಪಂದ್ಯ, ನಮ್ಮ ಒಂದೇ ಗೋಲೂ ಅವನದ್ದೇ. ಕೋಚ್ ಇಗೊರ್ ಸ್ಟಿಮಾಚ್ ತೊಲಗಲಿ ಎಂಬ ಕೂಗೆದ್ದಿತು, ಜೂನ್‌ನಲ್ಲಿ ತೊಲಗಿಸಲಾಯಿತು. ಅದಕ್ಕೂ ಮೊದಲು, 2022ರ ಆಗಸ್ಟ್‌ನಲ್ಲಿ, ಫಿಫಾ ಸಂಸ್ಥೆ ಭಾರತದ ಫುಟ್‌ಬಾಲ್ ಫೆಡರೇಷನ್ನನ್ನೇ ಅಮಾನತಿನಲ್ಲಿಟ್ಟಿತ್ತು. ಅದಕ್ಕೆ ಕಾರಣರಾದವರಿಗೆ ಯಾರೂ ಬೂ ಎನ್ನಲಾಗಲಿಲ್ಲ, ಏಕೆಂದರೆ ಆಡಳಿತ ಮಂಡಳಿಯ ಸಭೆಗಳಿಗೆ ಟಿಕೆಟ್ ಮಾರುವುದಿಲ್ಲ.

ಉಳಿದ ಹನ್ನೆರಡು ಪ್ರಭೇದಗಳನ್ನು, ಮೂವತ್ತಾರು ಉಪಪ್ರಭೇದಸಮೇತ, ಓದುಗರೇ ಊಹಿಸಿಕೊಳ್ಳತಕ್ಕದ್ದು. ನನಗೆ ಸಾಕಾಗಿದೆ.

4. ಪ್ರಕರಣ ಅಧ್ಯಯನ: ಲಂಡನ್ನಿನ ಎಮಿರೇಟ್ಸ್ ಮೈದಾನ

ಅರವತ್ತು ಸಾವಿರ ಆಸನಗಳ, 2006ರಲ್ಲಿ ತೆರೆದ, ಆರ್ಸೆನಲ್ ಕ್ಲಬ್ಬಿನ ಈ ಮೈದಾನ ಸ್ವಸ್ವಧಿಯ ಅಧ್ಯಯನಕ್ಕೆ ಅತ್ಯಂತ ಫಲವತ್ತಾದ ಕ್ಷೇತ್ರ. ಬೆಂಗಳೂರಿನ ಪಬ್ಬುಗಳಲ್ಲಿ ಶನಿವಾರ ರಾತ್ರಿ ಈ ತಂಡಕ್ಕಾಗಿ ಗಂಟಲು ಹರಿದುಕೊಳ್ಳುವವರಿಗೆ ಇದು ತಿಳಿಯದ ವಿಷಯವೇನಲ್ಲ.

2008ರ ಡಿಸೆಂಬರ್ 6, ವಿಗನ್ ವಿರುದ್ಧದ ಪಂದ್ಯ. ಐವರಿ ಕೋಸ್ಟ್‌ನ ಇಮ್ಯಾನ್ಯುಯೆಲ್ ಎಬುವೆ ಮಂಡಿನೋವಿನಿಂದ ವಾರಗಟ್ಟಲೆ ಹೊರಗಿದ್ದವನು. ಮೊದಲರ್ಧದಲ್ಲೇ ಸಹ ಆಟಗಾರ ನಾಸ್ರಿ ಗಾಯಗೊಂಡದ್ದರಿಂದ ಬದಲಿಯಾಗಿ ಇಳಿದ. ಅವನ ಜಾಗ ಬಲಬದಿ, ನಿಲ್ಲಿಸಿದ್ದು ಎಡಬದಿಯಲ್ಲಿ. ಪಾಸುಗಳು ತಪ್ಪಿದವು. ಗ್ಯಾಲರಿ ಬೂ ಅಂದಿತು. ಬೂ ಅಂದದ್ದಕ್ಕೆ ಇನ್ನೂ ತಪ್ಪಿದವು. ಬದಲಿಯಾಗಿ ಬಂದವನನ್ನೇ ಬದಲಿಸಿ ಕೋಚ್ ವೆಂಗರ್ ಆಚೆಗೆ ಕರೆದಾಗ ಮೈದಾನದಲ್ಲಿ ಹರ್ಷೋದ್ಗಾರ. ಪಂದ್ಯವನ್ನು ಆರ್ಸೆನಲ್ 1-0ಯಿಂದ ಗೆದ್ದಿತು. ಗೆದ್ದ ತಂಡದ ಇಪ್ಪತ್ತೈದು ವರ್ಷದ ಹುಡುಗ ತನ್ನದೇ ಮನೆಯಲ್ಲಿ ಕಣ್ಣೀರು ತುಂಬಿಕೊಂಡು ಹೊರಗೆ ನಡೆದ.

ಇದನ್ನು ‘ಪ್ರತಿರೋಧದ ನೆಲೆ’ ಅನ್ನುವವರಿದ್ದಾರೆ. ನಾನೂ ಅನ್ನಬೇಕು, ಪ್ರಬಂಧದ ಶಿಸ್ತು ಹಾಗೆ ಹೇಳುತ್ತದೆ. ಆದರೆ ಯಾವುದಕ್ಕೆ ಪ್ರತಿರೋಧ? ಅವನನ್ನು ಎಡಬದಿಯಲ್ಲಿ ನಿಲ್ಲಿಸಿದವನು ಅವನಲ್ಲ. ಟಿಕೆಟ್ಟಿಗೆ ಆ ಬೆಲೆ ಇಟ್ಟವನೂ ಅವನಲ್ಲ.

ನಮ್ಮಲ್ಲಿ ಕೆಲವರು ಇಲ್ಲಿಗೆ ನಿಂದಾಸ್ತುತಿಯನ್ನು ತರುತ್ತಾರೆ. ಪುರಂದರದಾಸರೂ ದೇವರನ್ನು ಬೈದಿಲ್ಲವೇ, ಜಯವಿಜಯರು ವೈರದಿಂದಲೇ ವೈಕುಂಠ ಸೇರಲಿಲ್ಲವೇ, ಬೂ ಎನ್ನುವುದೂ ಭಕ್ತಿಯ ಪರಾಕಾಷ್ಠೆಯೇ ಎಂದು. ಹೇಳಲು ಚೆನ್ನಾಗಿದೆ, ಸಭೆಯಲ್ಲಿ ಚಪ್ಪಾಳೆಯೂ ಬೀಳುತ್ತದೆ. ಆದರೆ ದಾಸರು ಬೈದದ್ದು ಬ್ರಹ್ಮಾಂಡ ನಡೆಸುವವನನ್ನು. ಬೈಸಿಕೊಂಡ ದೇವರಿಗೆ ರಾತ್ರಿ ಮನೆಗೆ ಹೋಗಿ ಫೋನ್ ತೆರೆದು ನೋಡುವ ಅಭ್ಯಾಸವಿರಲಿಲ್ಲ.

ಗ್ರಾನಿಟ್ ಝಾಕಾಗೆ ಇತ್ತು. 2019ರ ಅಕ್ಟೋಬರ್ 27, ಅದೇ ಮೈದಾನ. ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಹತ್ತು ನಿಮಿಷದೊಳಗೆ ಎರಡು ಗೋಲು ಮುಂದಿದ್ದ ಆರ್ಸೆನಲ್ 2-2ಕ್ಕೆ ಜಾರಿತ್ತು. ಅರವತ್ತೊಂದನೇ ನಿಮಿಷದಲ್ಲಿ ನಾಯಕ ಝಾಕಾನ ಸಂಖ್ಯೆ ಬದಲಿ ಆಟಗಾರರ ಫಲಕದ ಮೇಲೆ ಬಂತು, ಜನ ಕುಹಕದಿಂದ ಕೇಕೆ ಹಾಕಿದರು. ಅವನು ನಿಧಾನ ನಡೆದ, ಕೇಕೆ ಬೂ ಆಯಿತು. ಅವನು ಕಿವಿಗೆ ಅಂಗೈ ಹಿಡಿದು ‘ಇನ್ನೂ ಜೋರಾಗಿ’ ಎಂಬಂತೆ ಕೈಯಾಡಿಸಿದ, ಬೈದ, ಜೆರ್ಸಿ ಕಳಚಿಕೊಂಡು ನೇರ ಒಳಗೆ ಹೋದ. ಹತ್ತು ದಿನ ಕಳೆಯುವುದರೊಳಗೆ ನಾಯಕತ್ವ ಹೋಯಿತು. ನವೆಂಬರ್ ಕೊನೆಗೆ ಕೋಚ್ ಉನಾಯ್ ಎಮೆರಿಯೂ ಹೋದ. ಝಾಕಾ ಆಮೇಲೆ ಬರೆದುಕೊಂಡದ್ದನ್ನು ನೋಡಿದರೆ, ಅಷ್ಟು ದಿನ ಅವನ ಫೋನಿಗೆ ಬರುತ್ತಿದ್ದುದು ಕಾಲು ಮುರಿಯುತ್ತೇವೆ, ಹೆಂಡತಿಯನ್ನು ಕೊಲ್ಲುತ್ತೇವೆ, ಮಗಳಿಗೆ ಕ್ಯಾನ್ಸರ್ ಬರಲಿ ಎಂಬ ಸಂದೇಶಗಳು. ಮಗಳು ಆಗಿನ್ನೂ ಹಸುಗೂಸು.

ಇದಕ್ಕೆ ನನ್ನ ಬಳಿ ಪಾರಿಭಾಷಿಕ ಪದವಿಲ್ಲ. ಹುಡುಕುವುದೂ ಇಲ್ಲ.

5. ನಿಯಂತ್ರಿತ ಪ್ರಯೋಗ

ಸಂಶೋಧನೆಗೆ ಪ್ರೇಕ್ಷಕರಿಲ್ಲದ ಮೈದಾನ ಬೇಕಿತ್ತು, ಕೋವಿಡ್ ಅದನ್ನೂ ಒದಗಿಸಿತು. ಟಿವಿಯವರು ಹಳೆಯ ಗದ್ದಲದ ಧ್ವನಿಮುದ್ರಣ ಹಾಕಿ ಆಟ ತೋರಿಸಿದರು. ಇಂಗ್ಲೆಂಡಿನ ಅಗ್ರ ಲೀಗಿನ ಇತಿಹಾಸದಲ್ಲೇ ಮೊದಲ ಬಾರಿಗೆ, 2020-21ರ ಋತುವಿನಲ್ಲಿ, ಸ್ವಂತ ಮೈದಾನದ ತಂಡಗಳಿಗಿಂತ ಹೊರಗಿನಿಂದ ಬಂದ ತಂಡಗಳು ಹೆಚ್ಚು ಪಂದ್ಯ ಗೆದ್ದವು. ಮನೆಯ ಜನರ ದನಿಗೆ ಬಲವಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆ ಬಲವನ್ನು ಜನ ಎಷ್ಟು ಕಳೆದುಕೊಂಡಿದ್ದರು, ಎಷ್ಟು ಹಂಬಲಿಸಿದ್ದರು!

ನಿರ್ಬಂಧ ಸಡಿಲವಾಗಿ ಪ್ರೇಕ್ಷಕರನ್ನು ಒಳಬಿಟ್ಟ ಮೊದಲ ವಾರಾಂತ್ಯ, 2020ರ ಡಿಸೆಂಬರ್ 5. ಲಂಡನ್ನಿನ ಮಿಲ್‌ವಾಲ್ ಮೈದಾನ, ಡಾರ್ಬಿ ವಿರುದ್ಧ ಪಂದ್ಯ, ಎರಡು ಸಾವಿರ ಅದೃಷ್ಟವಂತರಿಗೆ ಪ್ರವೇಶ. ತಿಂಗಳುಗಟ್ಟಲೆ ಮನೆಯಲ್ಲಿ ಬಂದಿಯಾಗಿದ್ದ ಜನ. ಆಟ ಶುರುವಾಗುವ ಮುನ್ನ ಆಟಗಾರರು ವರ್ಣದ್ವೇಷದ ವಿರುದ್ಧ ಒಂದು ಮಂಡಿಯೂರಿ ಕ್ಷಣಕಾಲ ಕೂತರು. ಅವರಲ್ಲಿ ಕರಿಯ ಆಟಗಾರರೂ ಇದ್ದರು, ಮಿಲ್‌ವಾಲ್‌ನವರೇ. ಗ್ಯಾಲರಿಯಿಂದ ಬೂ ಎದ್ದಿತು. ಇನ್ನೂ ಯಾರೂ ಚೆಂಡು ಮುಟ್ಟಿರಲಿಲ್ಲ. ಯಾರ ಪಾಸೂ ತಪ್ಪಿರಲಿಲ್ಲ. ಆರು ತಿಂಗಳ ಮೇಲೆ ಮಿಡಲ್ಸ್‌ಬರೊದಲ್ಲಿ ಇಂಗ್ಲೆಂಡ್ ತಂಡಕ್ಕೂ ಅದೇ ಆಯಿತು.

ಭಾವನಾತ್ಮಕ ಹೂಡಿಕೆಯಂತೆ.

6. ವಿಳಾಸದ ಪ್ರಶ್ನೆ

ಹೋಟೆಲಿನಲ್ಲಿ ದೋಸೆ ಸೀದರೆ ಬೈಸಿಕೊಳ್ಳುವವನು ಮಾಣಿ. ಗಲ್ಲಾದಲ್ಲಿ ಕೂತವನಿಗೆ ಬಿಲ್ಲಿನ ದುಡ್ಡು ಎಣಿಸಿ ಕೊಟ್ಟು, ನಕ್ಕು, ಸೋಂಪು ಬಾಯಿಗೆ ಹಾಕಿಕೊಂಡು ಬರುತ್ತೇವೆ. ಫುಟ್‌ಬಾಲಿನ ಗಲ್ಲಾ ಗಾಜಿನ ಕೋಣೆಯಲ್ಲಿದೆ, ಎಷ್ಟೋ ಸಲ ಬೇರೆ ದೇಶದಲ್ಲಿದೆ. ಬೂ ಅಷ್ಟು ದೂರ ಹೋಗುವುದಿಲ್ಲ. ಕೂಗಿದರೆ ಕೇಳಿಸುವ ದೂರದಲ್ಲಿರುವವನು ಚಡ್ಡಿ ತೊಟ್ಟು ಓಡುತ್ತಿರುವ ಹುಡುಗ ಮಾತ್ರ. ಆದ್ದರಿಂದ ಅವನೇ ಅಪರಾಧಿ.

ಬೇರೆ ದಾರಿ ಇಲ್ಲವೆಂದಲ್ಲ. 2016ರ ಫೆಬ್ರವರಿಯಲ್ಲಿ ಲಿವರ್‌ಪೂಲ್ ಕ್ಲಬ್ಬಿನ ಮಾಲೀಕರು ಆನ್‌ಫೀಲ್ಡ್ ಮೈದಾನದ ಹೊಸ ಸ್ಟ್ಯಾಂಡಿನಲ್ಲಿ 77 ಪೌಂಡಿನ ಟಿಕೆಟ್ ತರುವುದಾಗಿ ಹೇಳಿದರು. ಸಂಡರ್‌ಲೆಂಡ್ ವಿರುದ್ಧ ತಂಡ 2-0 ಮುಂದಿತ್ತು. ಎಪ್ಪತ್ತೇಳನೆಯ ನಿಮಿಷ ಬಂದದ್ದೇ ಸಾವಿರಾರು ಜನ ಮಾಲೀಕರ ದುರಾಸೆಗೆ ಬೈದು, ಎದ್ದು, ಸಾಲುಸಾಲಾಗಿ ಹೊರಗೆ ನಡೆದರು. ಆಟಗಾರರಿಗೆ ಒಂದು ಮಾತೂ ಅನ್ನಲಿಲ್ಲ. ಖಾಲಿ ಬಿದ್ದ ಗ್ಯಾಲರಿಯೆದುರು ತಂಡ ಎರಡು ಗೋಲು ಬಿಟ್ಟುಕೊಟ್ಟು ಡ್ರಾ ಮಾಡಿಕೊಂಡಿತು. ವಾರದೊಳಗೆ ಮಾಲೀಕರು ಕ್ಷಮೆ ಕೇಳಿ ಯೋಜನೆ ಹಿಂತೆಗೆದುಕೊಂಡರು. ಆ ಜನಕ್ಕೆ ನಿರಚನವಾದ ಗೊತ್ತಿತ್ತೋ ಇಲ್ಲವೋ, ಬಾಗಿಲು ಎಲ್ಲಿದೆ ಎಂಬುದು ಗೊತ್ತಿತ್ತು.

ಈ ವಿಭಾಗದ ಶೈಲಿ ಸಂಶೋಧನಾ ಪ್ರಬಂಧಕ್ಕೆ ತಕ್ಕುದಲ್ಲವೆಂದು ಪರಿಶೀಲಕರು ಟಿಪ್ಪಣಿ ಬರೆದಿದ್ದಾರೆ. ಒಪ್ಪುತ್ತೇನೆ.

ಅನುಬಂಧ

2023ರ ಮೇ 28ರಂದು ಎಮಿರೇಟ್ಸ್ ಮೈದಾನದಲ್ಲಿ ಆರ್ಸೆನಲ್ ಋತುವಿನ ಕೊನೆಯ ಪಂದ್ಯವಾಡಿ ವುಲ್ವ್ಸ್ ತಂಡವನ್ನು 5-0ಯಿಂದ ಸೋಲಿಸಿತು. ಮೊದಲ ಎರಡು ಗೋಲು ಝಾಕಾನವು. ನೀನು ಇಲ್ಲೇ ಇರಬೇಕೆಂದು ಮೈದಾನ ಅವನ ಹೆಸರು ಹಿಡಿದು ಹಾಡಿತು. ಅವನು ಜರ್ಮನಿಯ ಲೆವರ್‌ಕುಸೆನ್‌ಗೆ ಹೋದ, ಮರುವರ್ಷ ಆ ತಂಡ ಲೀಗಿನಲ್ಲಿ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆಯಿತು. ಅಂದು ಹಾಡಿದವರಲ್ಲಿ 2019ರಲ್ಲಿ ಬೂ ಅಂದವರು ಎಷ್ಟು ಮಂದಿ ಎಂದು ತಿಳಿಯಲು ಪ್ರಶ್ನಾವಳಿ ಸಿದ್ಧಪಡಿಸಲಾಗಿದ್ದು, ಪ್ರಯಾಣ ಭತ್ಯೆ ಸಮೇತ ಅನುದಾನಕ್ಕೆ ಅರ್ಜಿ ಸಲ್ಲಿಸಲಾಗಿದೆ.