ಹುಡುಗನನ್ನು ಕೆಲಸಕ್ಕಿಟ್ಟುಕೊಳ್ಳುವ ವಿಧಾನ: ಲಂಡನ್ನಿನ ದೋಸೆ ಹೋಟೆಲ್ ಯಜಮಾನರಿಗೆ ಕೈಪಿಡಿ

ಯಜಮಾನರೇ, ಗ್ರೈಂಡರ್ ಜೊತೆ ಬಂದ ಪುಸ್ತಕವನ್ನು ನೀವು ಓದಲಿಲ್ಲ, ಆದರೂ ಹಿಟ್ಟು ನುಣ್ಣಗಾಯಿತು. ಇದನ್ನು ಓದದೆ ಮಾತ್ರ ಯಾವ ಗುಂಡಿಯನ್ನೂ ಒತ್ತಬೇಡಿ.

ಈಸ್ಟ್ ಹ್ಯಾಮ್‌ನಲ್ಲೋ ಟೂಟಿಂಗ್‌ನಲ್ಲೋ ನಿಮ್ಮ ಹೋಟೆಲ್. ಶನಿವಾರ ಸಂಜೆ ಬಾಗಿಲಾಚೆ ಗಿರಾಕಿಗಳ ಸಾಲು, ಒಳಗೆ ತಟ್ಟೆ ಎತ್ತಲು ಜನವಿಲ್ಲ. ಅಷ್ಟರಲ್ಲಿ ದಾವಣಗೆರೆ ಕಡೆಯ ಹುಡುಗನೊಬ್ಬ ಬಂದು, "ಅಣ್ಣಾ, ಏನಾದ್ರೂ ಕೆಲ್ಸ ಐತೇನ್ರಿ?" ಎನ್ನುತ್ತಾನೆ. ಊರಿನಲ್ಲಾಗಿದ್ದರೆ "ಕೈ ತೊಳ್ಕೊಂಡು ಒಳಗೆ ಬಾ ಮಾರಾಯ" ಎಂದಲ್ಲಿಗೆ ನೇಮಕಾತಿ ಮುಗಿಯುತ್ತಿತ್ತು. ಇಲ್ಲಿ ಅವನು ತಟ್ಟೆ ಮುಟ್ಟುವ ಮೊದಲು, ಅವನಿಗೆ ಈ ದೇಶದಲ್ಲಿ ದುಡಿಯುವ ಹಕ್ಕಿದೆಯೇ ಎಂದು ತಪಾಸಣೆ ಮಾಡಲು ನೀವು ಬ್ರಿಟನ್ನಿನ ಗಡಿ ಕಾಯುವ ಅಧಿಕಾರಿಯಾಗಬೇಕು. 1996ರ ಕಾಯ್ದೆಯಿಂದಲೇ ನಿಮ್ಮಂಥವರಿಗೆ ಈ ಪದವಿ ಸಿಕ್ಕಿದೆ. ಸಂಬಳವಿಲ್ಲ, ಸಮವಸ್ತ್ರವಿಲ್ಲ, ದಂಡ ಮಾತ್ರ ಉಂಟು.

ಪೆಟ್ಟಿಗೆಯಲ್ಲಿ ಏನೇನಿದೆ

ಏನೂ ಇಲ್ಲ. ಗಾಬರಿಯಾಗಬೇಡಿ, ಸರಕು ಕಳವಾಗಿಲ್ಲ. ಹಿಂದೆ ಹೊರದೇಶದವರ ಕೈಗೆ ಫೋಟೊ, ಚಿಪ್ ಎಲ್ಲ ಇದ್ದ ಒಂದು ಕಾರ್ಡ್ ಕೊಡುತ್ತಿದ್ದರು. 2022ರ ಏಪ್ರಿಲ್ 6ರಿಂದ ಕೆಲಸದ ಹಕ್ಕಿನ ತಪಾಸಣೆಗೆ ಅದು ಸಲ್ಲದಾಯಿತು. 2024ರ ಡಿಸೆಂಬರ್ 31ಕ್ಕೆ ಬಹುಪಾಲು ಕಾರ್ಡುಗಳ ಆಯುಷ್ಯವೇ ತೀರಿತು. ಈಗಿರುವುದು ಇ-ವೀಸಾ. ಅದು ಗೃಹ ಇಲಾಖೆಯ ಕಂಪ್ಯೂಟರಿನೊಳಗಿದೆ, ಹುಡುಗನ ಜೇಬು ಖಾಲಿ. ಬ್ರಿಟಿಷ್ ಪ್ರಜೆಯಾದರೆ ಅವಧಿ ಮುಗಿದ ಪಾಸ್‌ಪೋರ್ಟ್ ತಂದು ಮೇಜಿನ ಮೇಲಿಟ್ಟರೂ ನಡೆಯುತ್ತದೆ.

ಚಾಲೂ ಮಾಡುವುದು

ಹುಡುಗ ತನ್ನ ಇ-ವೀಸಾ ಖಾತೆಯೊಳಗೆ ಹೋಗಿ, ಅಕ್ಷರ ಅಂಕಿ ಸೇರಿದ ಒಂಬತ್ತು ಸ್ಥಾನಗಳ ಶೇರ್ ಕೋಡ್ ತೆಗೆಯಬೇಕು. ಒಳಗೆ ಹೋಗಲು ಅವನ ಫೋನಿಗೋ ಇಮೇಲಿಗೋ ಇನ್ನೊಂದು ಕೋಡ್ ಬರುತ್ತದೆ. ವೀಸಾ ಹಾಕುವಾಗ ಅವನು ಊರಿನ ನಂಬರ್ ಕೊಟ್ಟಿದ್ದು, ಆ ಸಿಮ್ ಈಗ ಅವನ ಅಪ್ಪನ ಫೋನಿನಲ್ಲಿದ್ದರೆ, ಫೋನ್ ಮಾಡಿ ಅಪ್ಪನನ್ನು ಎಬ್ಬಿಸಿ. ನಿಮಗೆ ರಾತ್ರಿ ಎಂಟು, ದಾವಣಗೆರೆಯಲ್ಲಿ ನಡುರಾತ್ರಿ ದಾಟಿದೆ. ಅವರು ಎದ್ದು, ದೀಪ ಹಾಕಿ, ಕನ್ನಡಕ ಹುಡುಕಿ, "ಯಾಕಪ್ಪಾ, ಆರಾಮಿದ್ದೀಯಾ?" ಎಂದು ಮೂರು ಸಲ ಕೇಳುವುದರೊಳಗೆ ಆ ಕೋಡು ಕೆಟ್ಟಿದ್ದರೆ, ಮತ್ತೊಂದು ತರಿಸಿಕೊಳ್ಳಿ.

ಶೇರ್ ಕೋಡ್ ಡಬ್ಲ್ಯು ಅಕ್ಷರದಿಂದ ಶುರುವಾಗಿದೆಯೇ ನೋಡಿ. ಆರ್ ಎಂದಿದ್ದರೆ ಅದು ಬಾಡಿಗೆ ಮನೆಗೆ ತೆಗೆದದ್ದು, ವಾಪಸು ಕೊಡಿ. (ಇಂಗ್ಲೆಂಡಿನಲ್ಲಿ ಮನೆ ಮಾಲೀಕರೂ ನಿಮ್ಮ ಹಾಗೆಯೇ ಬಿಟ್ಟಿ ಕಾವಲುಗಾರರು. ಬೇಸರವಾದಾಗ ಅವರೊಡನೆ ಕೂತು ಕಾಫಿ ಕುಡಿಯಬಹುದು.) ಕೋಡಿನ ಆಯುಷ್ಯ 90 ದಿನ.

ಎಚ್ಚರಿಕೆ: "ಇಲ್ಲೇ ಐತಲ್ಲ, ನೋಡ್ರಿ ಅಣ್ಣಾ" ಎಂದು ಹುಡುಗ ತನ್ನ ಫೋನನ್ನೇ ತಿರುಗಿಸಿ ತೋರಿಸುತ್ತಾನೆ. ನೋಡಿ, ಚೆನ್ನಾಗಿದೆ ಎನ್ನಿ, ಆದರೆ ಅದು ಲೆಕ್ಕಕ್ಕಿಲ್ಲ. ಉದ್ಯೋಗದಾತರಿಗೆಂದೇ ಇರುವ ಸರ್ಕಾರಿ ಪುಟವನ್ನು ನೀವೇ ತೆರೆದು, ಕೋಡನ್ನೂ ಅವನ ಹುಟ್ಟಿದ ದಿನವನ್ನೂ ನೀವೇ ಹಾಕಿ, ಅದೇ ಫೋಟೊ ಅದೇ ಹೆಸರು ಅದೇ ಷರತ್ತುಗಳನ್ನು ನಿಮ್ಮ ಪರದೆಯ ಮೇಲೆ ಇನ್ನೊಮ್ಮೆ ತರಿಸಬೇಕು. ಸ್ಕ್ರೀನ್‌ಶಾಟ್ ತಿದ್ದುವವರ ಕಾಲದಲ್ಲಿ ಇದು ತಪ್ಪೆನ್ನಲಾಗದು, ಒಪ್ಪೋಣ. ಆದರೆ ಇಲಾಖೆಯ ಜಾಲತಾಣ ಮಲಗಿದ ದಿನ ಕಾರ್ಡಿದ್ದವನಾದರೂ ಕಾರ್ಡ್ ತೋರಿಸಿ ಗೋಗರೆಯಬಹುದಿತ್ತು. ಈಗಿನವನಿಗೆ ತೋರಿಸಲು ತನ್ನ ಮುಖವೊಂದೇ.

ಆ ಮುಖವನ್ನೂ ನೀವೇ ತಾಳೆ ನೋಡಬೇಕು, ಎದುರೆದುರು ಅಥವಾ ವಿಡಿಯೊ ಕರೆಯಲ್ಲಿ. ಫೋಟೊದಲ್ಲಿರುವುದು ಅಮ್ಮನ ಕೈಯೂಟ ಉಂಡ ಕೆನ್ನೆ. ಎದುರಿಗೆ ನಿಂತಿರುವುದು ವರ್ಷವಿಡೀ ಬ್ರೆಡ್ಡು ತಿಂದು ಗಡ್ಡ ಬಿಟ್ಟ ಮುಖ. ಹೌದೋ ಅಲ್ಲವೋ ಎಂಬ ತೀರ್ಪು ನಿಮ್ಮದು, ತಪ್ಪಿದರೆ ನಷ್ಟವೂ ನಿಮ್ಮದು.

ವಿದ್ಯಾರ್ಥಿ ಮಾದರಿಯಾದರೆ

ಪದವಿ ಮಟ್ಟದ ಓದಿನವರಿಗೆ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ ಹೆಚ್ಚೆಂದರೆ 20 ಗಂಟೆ ಕೆಲಸ. ವಾರವೆಂದರೆ ಸೋಮವಾರದಿಂದ ಭಾನುವಾರ. ಈ ವಾರ ಉಳಿಸಿದ ಗಂಟೆಗಳನ್ನು ಮುಂದಿನ ವಾರಕ್ಕೆ ಒಯ್ಯುವಂತಿಲ್ಲ. ಪಕ್ಕದ ಬೀದಿಯ ಅಂಗಡಿಯಲ್ಲಿ ಅವನು ದುಡಿದದ್ದೂ ಈ 20ರೊಳಗೇ ಬರಬೇಕು, ಅದನ್ನು ಪರದೆ ಹೇಳುವುದಿಲ್ಲ. ಕಾಲೇಜಿನ ರಜೆಯ ದಿನಾಂಕಗಳಿಗೆ ಪುರಾವೆ ಪಡೆದು ಕಡತಕ್ಕೆ ಸೇರಿಸಿ. ಬೇಸಗೆ ಬಂತು, ಇನ್ನು ಪೂರ್ತಿ ದಿನ ಸಿಗುತ್ತಾನೆ ಎಂದು ಹಿಗ್ಗಬೇಡಿ. ಸ್ನಾತಕೋತ್ತರ ಹುಡುಗರು ಬೇಸಗೆಯಲ್ಲಿ ಪ್ರಬಂಧ ಬರೆಯುತ್ತಿರುತ್ತಾರೆ, ಅದೂ ಓದಿನ ಕಾಲವೇ.

ಗಂಟೆಗೆ ನೀವು ಎಷ್ಟು ಕೊಡುತ್ತೀರಿ ಎಂದು ಆ ಸರ್ಕಾರಿ ಪುಟ ಎಲ್ಲಿಯೂ ಕೇಳುವುದಿಲ್ಲ. ಹುಡುಕಬೇಡಿ, ಆ ಖಾನೆಯೇ ಇಲ್ಲ. ಕಳೆದ ತಿಂಗಳ ಹುಡುಗನ ಸಂಬಳ ಬಾಕಿ ಇದೆಯೇ, ಮಹಡಿಯ ಒಂದೇ ಕೋಣೆಯಲ್ಲಿ ಎಷ್ಟು ಜನರನ್ನು ಮಲಗಿಸಿದ್ದೀರಿ ಎಂಬುದಕ್ಕೂ ಇಲ್ಲ. ನಿಮ್ಮ ಮೇಲೆ ಹಾಕಿ ನೋಡಲು ಹುಡುಗನಿಗೆ ಯಾವ ಕೋಡೂ ಸಿಗುವುದಿಲ್ಲ.

ವಾರಂಟಿ

ತಪಾಸಣೆಯನ್ನು ಕ್ರಮವಾಗಿ ಮಾಡಿ ಪ್ರತಿ ಇಟ್ಟುಕೊಂಡಿದ್ದರೆ, ಮುಂದೆ ಹುಡುಗನ ಕಾಗದ ಸರಿಯಿಲ್ಲವೆಂದು ತಿಳಿದರೂ ನಿಮಗೆ ದಂಡವಿಲ್ಲ. ಮಾಡದೆ ಸಿಕ್ಕಿಬಿದ್ದರೆ ಮೊದಲ ಸಲ ತಲೆಗೆ 45,000 ಪೌಂಡ್‌ವರೆಗೆ, ಮತ್ತೆ ಸಿಕ್ಕಿಬಿದ್ದರೆ 60,000ದವರೆಗೆ. 2024ರ ಫೆಬ್ರವರಿ 13ಕ್ಕೆ ಮೊದಲು ಈ ಮೊತ್ತಗಳು 15,000 ಮತ್ತು 20,000 ಇದ್ದವು. ಇಷ್ಟು ಬೇಗ ಲಂಡನ್ನಿನಲ್ಲಿ ತೆಂಗಿನಕಾಯಿಯೂ ತುಟ್ಟಿಯಾಗಿಲ್ಲ. ಗೊತ್ತಿದ್ದೂ ಸೇರಿಸಿಕೊಂಡರೆ ಐದು ವರ್ಷದವರೆಗೆ ಸೆರೆಮನೆ. ಕೆಲಸ ಶುರುವಾದ ಮೇಲೆ ಮಾಡಿದ ತಪಾಸಣೆಗೆ ವಾರಂಟಿ ಅನ್ವಯಿಸದು, ಆದ್ದರಿಂದ "ಮೊದಲು ಆ ತಟ್ಟೆ ತೊಳಿ, ಆಮೇಲೆ ನೋಡೋಣ" ಎನ್ನಬೇಡಿ. ವಾರಂಟಿ ಯಜಮಾನರಿಗೆ ಮಾತ್ರ. ಹುಡುಗನಿಗೆ ಇದರಲ್ಲಿ ಯಾವ ಸವಲತ್ತೂ ಇಲ್ಲ.

ಬಣ್ಣ ನೋಡಿ, ಮಾತಿನ ರಾಗ ಕೇಳಿ ತಪಾಸಣೆ ಮಾಡಿದರೆ ತಾರತಮ್ಯದ ಮೊಕದ್ದಮೆ ಬರುತ್ತದೆ. ಎಲ್ಲರನ್ನೂ ಒಂದೇ ರೀತಿ ನೋಡಿ. ಕ್ರಾಯ್ಡನ್‌ನಲ್ಲೇ ಹುಟ್ಟಿ, ಕನ್ನಡದಲ್ಲಿ "ಚಟ್ನಿ ಬೇಕಾ" ಎಂಬುದೊಂದೇ ವಾಕ್ಯ ಬಲ್ಲ ನಿಮ್ಮ ತಮ್ಮನ ಮಗ ಗಲ್ಲಾದಲ್ಲಿ ಕೂರಲು ಬಂದರೆ ಅವನ ಪಾಸ್‌ಪೋರ್ಟನ್ನೂ ಕೇಳಿ. ತಮ್ಮನ ಹೆಂಡತಿ ದೀಪಾವಳಿಗೆ ಕರೆಯದಿದ್ದರೆ ಕೈಪಿಡಿ ಹೊಣೆಯಲ್ಲ.

ಕೆಟ್ಟು ನಿಂತರೆ

ಹುಡುಗ ವೀಸಾ ಮುಗಿಯುವ ಮೊದಲೇ ಹೊಸದಕ್ಕೆ ಅರ್ಜಿ ಹಾಕಿದ್ದರೆ, ತೀರ್ಮಾನ ಬರುವತನಕ ಅವನ ಹಳೆಯ ಹಕ್ಕು ಜೀವದಿಂದಿರುತ್ತದೆ. ಪರದೆಯಲ್ಲಿ ಅದು ಕಾಣದಿದ್ದರೆ ಗೃಹ ಇಲಾಖೆಯಲ್ಲಿ ಉದ್ಯೋಗದಾತರಿಗೆಂದೇ ಇರುವ ತಪಾಸಣೆ ವಿಭಾಗಕ್ಕೆ ಬರೆಯಿರಿ. ಸರಿ ಎಂದು ಉತ್ತರ ಬಂದರೆ ಆರು ತಿಂಗಳು ನಿಶ್ಚಿಂತೆ, ಆಮೇಲೆ ಮತ್ತೆ ಬರೆಯಿರಿ. ದಂಡದ ಮೊತ್ತ ನೆನೆದು ಬೆವೆತ ಯಜಮಾನರು ಅಷ್ಟು ದೂರ ಹೋಗುವುದಿಲ್ಲ, "ನಾಳೆಯಿಂದ ಬರಬೇಡ" ಎಂದುಬಿಡುತ್ತಾರೆ. ಆ ಗುಂಡಿ ಈ ಕೈಪಿಡಿಯ ಯಾವ ಚಿತ್ರದಲ್ಲೂ ಇಲ್ಲ. ಎಲ್ಲಿದೆಯೆಂದು ಎಲ್ಲರಿಗೂ ಗೊತ್ತು.

ಕಡತದ ವಿಲೇವಾರಿ

ಹುಡುಗ ಕೆಲಸದಲ್ಲಿರುವಷ್ಟು ದಿನ, ಬಿಟ್ಟು ಹೋದ ಮೇಲೆ ಎರಡು ವರ್ಷ, ತಪಾಸಣೆಯ ಪುಟವನ್ನು ದಿನಾಂಕದ ಸಮೇತ ಜೋಪಾನವಾಗಿಡಿ. ಈ ವಿಷಯದಲ್ಲಿ ಗೃಹ ಇಲಾಖೆಯನ್ನು ಅನುಕರಿಸಬೇಡಿ. ದಶಕಗಳ ಹಿಂದೆ ಕೆರಿಬಿಯನ್ ದ್ವೀಪಗಳಿಂದ ಹಡಗಿನಲ್ಲಿ ಬಂದಿಳಿದವರ ಆಗಮನ ಚೀಟಿಗಳನ್ನು ಅದು 2010ರಲ್ಲಿ ನಾಶ ಮಾಡಿತು. ಬ್ರಿಟನ್ನಿನಲ್ಲೇ ಬೆಳೆದು ಮುದುಕರಾದ ಆ ಪೀಳಿಗೆಯ ಎಷ್ಟೋ ಜನ, ಕಾಗದ ತೋರಿಸಿ ಎಂದಾಗ ತೋರಿಸಲಾರದೆ ಕೆಲಸ ಕಳೆದುಕೊಂಡರು. ಕೆಲವರನ್ನು ಗಡಿಪಾರೂ ಮಾಡಿದರು. 2018ರಲ್ಲಿ ವಿಂಡ್‌ರಶ್ ಹಗರಣವೆಂದು ಅದು ಬಯಲಿಗೆ ಬಂದಾಗ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು. ಆ ಮುದುಕರಿಂದ ಕೆಲಸದ ಹಕ್ಕಿನ ಪುರಾವೆ ಕೇಳಿದವರೂ ನಿಮ್ಮಂತೆ ದಂಡಕ್ಕೆ ಹೆದರಿದ ಯಜಮಾನರೇ.

ಎರಡು ವರ್ಷ ತುಂಬಿದ ಮೇಲೆ ಕಡತವನ್ನು ಹರಿದು ಹಾಕಿ. ಅಷ್ಟರಲ್ಲಿ ಹುಡುಗನಿಗೆ ಸ್ವಂತ ವ್ಯಾಪಾರಕ್ಕೆ ಅವಕಾಶವಿರುವ ವೀಸಾ ಸಿಕ್ಕಿ, ನಿಮ್ಮೆದುರಿಗೇ ಬೆಣ್ಣೆದೋಸೆ ಹೋಟೆಲ್ ಹಾಕಿದ್ದರೆ, ಈ ಕೈಪಿಡಿಯನ್ನು ಅವನಿಗೆ ಕೊಟ್ಟುಬಿಡಿ.