ಬಸಳೆ ಸೋಸದೆ ಸ್ಪ್ಯಾನಿಷ್ ಬಾರದು

‘ನಮ್ಮ ಮನೆಯವರಲ್ಲಿ ಒಬ್ಬರಾಗಿ ಇದ್ದುಬಿಡಿ’ ಎಂದು ಹೋಂಸ್ಟೇ ನಡೆಸುವವರೆಲ್ಲ ಬರೆಯುತ್ತಾರೆ. ಹಾಗೆ ಬರೆಯುವವರು ಎಂಥ ಮನೆಯಲ್ಲಿ ಹುಟ್ಟಿ ಬೆಳೆದವರೋ ತಿಳಿಯದು. ನಮ್ಮ ಕಡೆ ಮನೆಯವರಲ್ಲಿ ಒಬ್ಬರಾಗುವುದೆಂದರೆ ಹಂಡೆಗೆ ನೀರು ತುಂಬದ್ದಕ್ಕೆ ಬೈಸಿಕೊಳ್ಳುವುದು, ಬಂಗುಡೆಯ ಬಾಲದ ತುಂಡು ದಿನಾ ತನ್ನ ಬಟ್ಟಲಿಗೇ ಬಿದ್ದರೂ ಸುಮ್ಮನಿರುವುದು, ಇನ್ನೂ ಯಾಕೆ ಮದುವೆಯಾಗಿಲ್ಲ ಎಂಬುದಕ್ಕೆ ಹೊಸ ಹೊಸ ಉತ್ತರ ಹುಡುಕುವುದು. ದುಡ್ಡು ಕೊಟ್ಟು ಇದಕ್ಕೆ ಯಾರಾದರೂ ಬರುತ್ತಾರೆಯೇ? ಬರುತ್ತಾರೆ. ಅದರಲ್ಲೂ ಭಾಷೆ ಕಲಿಯಬೇಕೆನ್ನುವವರು ಬಂದೇ ಬರುತ್ತಾರೆ.

ನನ್ನ ಮಗಳು ಮಣಿಪಾಲದಲ್ಲಿ ಓದುವಾಗ ಸ್ಪ್ಯಾನಿಷ್ ತರಗತಿಗೆ ಸೇರಿದಳು. ಯಾಕೆಂದು ಕೇಳಿದರೆ, “ಸುಮಾರು 50 ಕೋಟಿ ಜನರ ಮಾತೃಭಾಷೆ ಅಪ್ಪಾ” ಅಂದಳು. ಆ 50 ಕೋಟಿಯಲ್ಲಿ ಒಬ್ಬರಾದರೂ ಸಂತೆಕಟ್ಟೆಯಲ್ಲಿ ಇದ್ದಾರೆಯೇ ಎಂಬುದು ನನ್ನ ಪ್ರಶ್ನೆಯಾಗಿತ್ತು. ಮನೆಯ ಸಾಮಾನುಗಳಿಗೆಲ್ಲ ಚೀಟಿ ಅಂಟಿತು. ಮೇಜು ಹೆಣ್ಣು, ಸೋಫಾ ಗಂಡು. ಕುರ್ಚಿ ಹೆಣ್ಣು, ಫ್ರಿಜ್ಜು ಗಂಡು. ನಿರ್ಜೀವ ವಸ್ತುಗಳನ್ನೆಲ್ಲ ನಪುಂಸಕಲಿಂಗಕ್ಕೆ ತಳ್ಳಿ ನೆಮ್ಮದಿಯಾಗಿದ್ದ ಮನೆಯೊಳಗೆ ಏಕಾಏಕಿ ಇಷ್ಟೊಂದು ಗಂಡಸರು ಹೆಂಗಸರು ಸೇರಿಕೊಂಡರೆ ಲುಂಗಿ ಮಡಚಿ ಕಾಲು ಚಾಚುವುದಕ್ಕೂ ಸಂಕೋಚ. ಒಂದು ಉಪಕಾರ ಮಾತ್ರ ಆಯಿತು. ಒಂದನೇ ಕ್ಲಾಸಿನಿಂದ ಕಂಠಪಾಠ ಮಾಡಿದರೂ ‘ಜ್ಞ’ದ ಕಾಲಡಿಯಲ್ಲಿ ಬಿದ್ದುಕೊಂಡಿದ್ದ ನಮ್ಮ ಞಕಾರಕ್ಕೆ ಎಸ್ಪಾಞ, ಸೆಞೋರಾ ಎಂದು ಕಡೆಗೂ ಖಾಯಂ ನೌಕರಿ ಸಿಕ್ಕಿತು.

ಪರೀಕ್ಷೆ ಪಾಸಾದಳು, ಮಾತು ಬರಲಿಲ್ಲ. ಸ್ಪೇನಿನಲ್ಲೇ ಒಂದು ಮನೆಯಲ್ಲಿ ಇದ್ದು ಕಲಿಯಬೇಕು ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಅವಳಿಗೆ ಪರಿಸರದ ಚಿಂತೆಯೂ ಹತ್ತಿತ್ತು. ವಿಮಾನದ ಹೊಗೆಯ ಲೆಕ್ಕ ಹಾಕುತ್ತಿದ್ದಳು. ಇಂದ್ರಾಳಿ ಸ್ಟೇಷನ್ನಿನಲ್ಲಿ ಕೊಂಕಣ ರೈಲು ಹತ್ತಿ ಮಡ್‌ಗಾಂವ್, ಮುಂಬಯಿ ಮುಟ್ಟಬಹುದು, ಮ್ಯಾಡ್ರಿಡ್ ಮುಟ್ಟಲಾಗದು. ಹಾಗಾಗಿ ಒಂದು ರಾಜಿಸೂತ್ರ ಕಂಡುಹಿಡಿದಳು: ಹೋಗುವುದು ಒಂದೇ ಸಲ, ಹೋದಲ್ಲಿ ಆದಷ್ಟು ಹೆಚ್ಚು ದಿನ ಇರುವುದು. ಇದನ್ನು ಸುಸ್ಥಿರ ಪ್ರವಾಸ ಅನ್ನುತ್ತಾರಂತೆ. ನಮ್ಮ ಹಿರಿಯರು ನೆಂಟರ ಮನೆಗೆ ಹೋದಾಗ ಪಾಲಿಸುತ್ತಿದ್ದ ತತ್ತ್ವವೂ ಇದೇ. ಬಸ್ಸಿನ ಚಾರ್ಜು ವಸೂಲಾಗುವವರೆಗೆ ಯಾರೂ ಏಳುತ್ತಿರಲಿಲ್ಲ.

ಅವಳು ವೀಸಾಕ್ಕೆ ಕಾಗದ ಕೂಡಿಸುತ್ತಿದ್ದಾಗಲೇ ಸ್ಪೇನೇ ಕೆಮ್ಮಣ್ಣಿಗೆ ಬಂದಿಳಿಯಿತು.

ಕೆಮ್ಮಣ್ಣಿನಲ್ಲಿ ಸುವರ್ಣಾ ನದಿಯ ದಂಡೆಯಲ್ಲಿ ನನ್ನ ಚಿಕ್ಕಮ್ಮನ ಮನೆ. ಉಡುಪಿಯಿಂದ ಹೂಡೆ ಬಸ್ಸು ಹತ್ತಿದರೆ ಸಂತೆಕಟ್ಟೆ, ನೇಜಾರು ದಾಟಿ ಅಲ್ಲಿಗೆ ಬರುತ್ತದೆ. ಹೊಳೆಯ ನಡುವೆ ತಿಮ್ಮಣ್ಣಕುದ್ರು, ಕುದ್ರುವಿಗೊಂದು ತೂಗುಸೇತುವೆ. ಆ ಸೇತುವೆ ಫೋಟೋದಲ್ಲಿ ಚೆಂದ ಬೀಳುತ್ತದೆಂದು ಮಣಿಪಾಲದ ಮಕ್ಕಳು ಹಿಂಡು ಹಿಂಡಾಗಿ ಬರತೊಡಗಿದ ಮೇಲೆ ಚಿಕ್ಕಮ್ಮನ ಮಗ ಹಿಂದಿನ ಎರಡು ಕೋಣೆಗೆ ಸುಣ್ಣ ಹೊಡೆಸಿ ಹೋಂಸ್ಟೇ ಎಂದು ಬೋರ್ಡು ಹಾಕಿದ. ಅಲ್ಲಿಗೆ ಬಂದವಳು ಸ್ಪೇನಿನ ಹುಡುಗಿ, ಬೆನ್ನಿಗೊಂದು ಚೀಲ, ಕೈಯಲ್ಲೊಂದು ಕನ್ನಡ ಕಲಿಯುವ ಪುಸ್ತಕ. ಮುಂಬಯಿಯಿಂದ ಈಚೆಗೆ ರೈಲು ಬಸ್ಸುಗಳಲ್ಲೇ ಬಂದಿದ್ದಳು.

ಮನೆ ಹೊಕ್ಕವಳೇ ಫೋಟೋ ತೆಗೆಯಲು ಶುರು. ಒಣಗಿದ ಮಡಲು ಉರಿಸಿ ಕಾಯಿಸುವ ಸ್ನಾನದ ಹಂಡೆ, ಪಾತ್ರೆ ತಿಕ್ಕುವ ತೆಂಗಿನ ಸಿಪ್ಪೆಯ ನಾರು, ಪಾತ್ರೆ ತೊಳೆದ ನೀರು ಸೀದಾ ಹೋಗುವ ಬಾಳೆಯ ಬುಡ, ಹಳೆ ಸೀರೆಯ ಕಾಲೊರಸು, ಎಲ್ಲವೂ ಅವಳಿಗೆ ಪರಿಸರ ಸ್ನೇಹಿ. ಚಿಕ್ಕಮ್ಮನನ್ನು ಐವತ್ತು ವರ್ಷ ಜಿಪುಣಿ ಎಂದು ಆಡಿಕೊಂಡ ನಾವೆಲ್ಲ ಸುಮ್ಮನೆ ನೋಡುತ್ತ ನಿಂತೆವು.

ಭಾಷೆಯ ವಿಷಯದಲ್ಲಿ ಪೇಚಾಟ ಬೇರೆಯೇ. ಅವಳು ಕಲಿಯಲು ಬಂದದ್ದು ಕನ್ನಡ. ಮನೆಯೊಳಗೆ ನಡೆಯುವುದು ತುಳು. ಪಕ್ಕದ ಮನೆಯ ಕ್ರಿಶ್ಚನ್ ಬಾಯಮ್ಮನದು ಕೊಂಕಣಿ, ಸ್ಕೂಟರಿನಲ್ಲಿ ಮೀನು ತರುವವನದು ಬ್ಯಾರಿ, ಬಸ್ಸಿನ ಕಂಡಕ್ಟರನದು ಹತ್ತಿದವರ ಮುಖ ನೋಡಿದಂತೆ. “ಹಾಗಾದರೆ ಕನ್ನಡ ಯಾರ ಮನೆಯಲ್ಲಿ ಮಾತಾಡುತ್ತಾರೆ?” ಎಂದು ಹುಡುಗಿ ಕೇಳಿದಳು. ಚಿಕ್ಕಮ್ಮ ಸ್ವಲ್ಪ ಹೊತ್ತು ಯೋಚಿಸಿ, “ಶಾಲೆಯಲ್ಲುಂಟು, ಪೇಪರಿನಲ್ಲುಂಟು, ಯಕ್ಷಗಾನದಲ್ಲುಂಟು. ಮನೆಯಲ್ಲೇ ಬೇಕಾದರೆ ಹೊಳೆ ದಾಟಿ ಬ್ರಹ್ಮಾವರ, ಬಾರ್ಕೂರಿಗೆ ಹೋಗಬೇಕು ಮಗಾ” ಅಂದರು.

ಹುಡುಗಿಗೆ ಆಶ್ಚರ್ಯವೇ ಆಗಲಿಲ್ಲ. ಆಶ್ಚರ್ಯ, ಜೊತೆಗೆ ಆಘಾತ, ಆದದ್ದು ನನ್ನ ಮಗಳಿಗೆ. ಯಾಕೆಂದರೆ ಆ ಹುಡುಗಿ ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾದವಳು. ಅವಳ ಮನೆಮಾತು ಸ್ಪ್ಯಾನಿಷ್ ಅಲ್ಲ, ಗಲೀಸಿಯನ್. ಅದು ಪೋರ್ಚುಗೀಸಿನ ಒಡಹುಟ್ಟು. ಸ್ಪ್ಯಾನಿಷ್ ಅವಳಿಗೆ ಶಾಲೆ, ಕಚೇರಿಗಳಲ್ಲಿ ಗಟ್ಟಿಯಾದದ್ದು. ನಮ್ಮವಳು ಸ್ಪ್ಯಾನಿಷ್ ಅಭ್ಯಾಸಕ್ಕೆಂದು ಓಡೋಡಿ ಬಂದರೆ ಸಿಕ್ಕಿದ್ದು ಸ್ಪೇನಿನ ತುಳುವತಿ! 1981ರಿಂದ ಅವರ ಭಾಷೆಗೆ ಅಲ್ಲಿ ಸ್ಪ್ಯಾನಿಷ್ ಜೊತೆ ಅಧಿಕೃತ ಸ್ಥಾನ ಇದೆಯೆಂದೂ, ತುಳು ಇನ್ನೂ ಎಂಟನೇ ಪರಿಚ್ಛೇದದ ಬಾಗಿಲಲ್ಲೇ ನಿಂತಿರುವುದು ಅನ್ಯಾಯವೆಂದೂ ಹುಡುಗಿ ಮರುಗಿದಳು. “ಮೀನು ಸಿಗ್ತದಲ್ಲ ತುಳುವಿನಲ್ಲಿ, ಸಾಕು” ಎಂದು ಚಿಕ್ಕಮ್ಮ ಸಮಾಧಾನ ಹೇಳಿದರು.

ಮೊದಲು ಅವಳಿಗೆ ಭಾರೀ ಮರ್ಯಾದೆ. ಒಳ್ಳೆಯ ಕುರ್ಚಿ ಅವಳಿಗೆ, ಮೊದಲ ನೀರುದೋಸೆ ಅವಳಿಗೆ. ಎಲ್ಲದಕ್ಕೂ ಅವಳು ‘ಥ್ಯಾಂಕ್ಯೂ’ ಅನ್ನುವುದು, ಚಿಕ್ಕಮ್ಮ ‘ವೆಲ್‌ಕಂ’ ಅನ್ನುವುದು. ಹೀಗೆ ನಡೆದಿದ್ದರೆ ಅವಳು ಹೋಗುವ ಹೊತ್ತಿಗೆ ಚಿಕ್ಕಮ್ಮನ ಇಂಗ್ಲಿಷ್ ಚೆನ್ನಾಗಿ ಸುಧಾರಿಸುತ್ತಿತ್ತು. ಆದರೆ ಒಂದು ಬೆಳಿಗ್ಗೆ ಕೆಲಸದವಳು ಬರಲಿಲ್ಲ, ಚಿಕ್ಕಮ್ಮನ ಮಂಡಿ ನೋವು ಜೋರಾಯಿತು, ಚಪ್ಪರದಿಂದ ಇಳಿಸಿದ ಬಸಳೆಯ ರಾಶಿ ಜಗಲಿಯಲ್ಲಿ ಬಾಡತೊಡಗಿತು. ಚಿಕ್ಕಮ್ಮ ಒಂದು ಗಳಿಗೆ ಅತ್ತಿತ್ತ ನೋಡಿದರು. ಆಮೇಲೆ ಕುರ್ಚಿಯಲ್ಲಿದ್ದ ಸ್ಪೇನಿಗೆ “ಬಲ, ಕುಲ್ಲು” ಎಂದು ನೆಲ ತೋರಿಸಿದರು.

ಬಸಳೆ ಸೋಸುವುದು ಸುಲಭವೆಂದುಕೊಂಡವರು ಕರಾವಳಿಯ ಹೆಂಗಸರ ಮುಂದೆ ಒಮ್ಮೆ ಕೂರಬೇಕು. ಎಲೆಯನ್ನು ಮಗುಚಿ ಹಿಂಭಾಗ ನೋಡಬೇಕು, ಹುಳು ತಿಂದದ್ದು ಆಚೆ. ಎಳೆ ದಂಟು ಚಿವುಟಿದರೆ ಮುರಿಯುತ್ತದೆ, ಬಲಿತದ್ದಕ್ಕೆ ಕತ್ತಿ ಬೇಕು. ಬಲಿತ ದಂಟನ್ನು ಬಿಸಾಡಿದರೆ ಬೈಗುಳ, ಬೆರಳುದ್ದಕ್ಕಿಂತ ಹೆಚ್ಚು ಉದ್ದ ಕೊಯ್ದರೂ ಬೈಗುಳ. ‘ಅವು ಅತ್ತ್, ಉಂದು’, ಅದಲ್ಲ ಇದು, ಎಂದು ಚಿಕ್ಕಮ್ಮ ಅವಳ ಕೈಯಿಂದ ದಂಟು ಕಿತ್ತುಕೊಂಡು ತೋರಿಸಿದ ಆ ಅರ್ಧ ಗಂಟೆಯಲ್ಲಿ ತುಳುವಿನ ಸರ್ವನಾಮ, ನಿಷೇಧಾರ್ಥ, ವಿಧ್ಯರ್ಥ ಮೂರೂ ಮುಗಿದವು. ಮರುದಿನದಿಂದ ಅವಳಿಗೆ ಕುರ್ಚಿ ಇಲ್ಲ, ಮಣೆ. ಇಳಿತದ ಹೊತ್ತಿಗೆ ಹೊಳೆಗಿಳಿಯುವ ಹೆಂಗಸರ ಜೊತೆ ಮರುವಾಯಿ ಹೆಕ್ಕಲೂ ಹೊರಟಳು. ಮೊಣಕಾಲುದ್ದ ನೀರಲ್ಲಿ ಕಾಲ ಬೆರಳಿನಿಂದಲೇ ಚಿಪ್ಪು ಪತ್ತೆಹಚ್ಚಿ ಬಗ್ಗಿ ಎತ್ತುವ ಅವಳ ಚುರುಕು ನೋಡಿ ಹೆಂಗಸರು ಬೆರಗಾದರು. ಗಲೀಸಿಯಾದ ಅಳಿವೆಗಳಲ್ಲೂ ಇಳಿತ ನೋಡಿ ಚಿಪ್ಪು ಬಾಚುವವರು ಹೆಚ್ಚಿನಂಶ ಹೆಂಗಸರೇ. ಅವಳ ಅತ್ತೆಯೂ ಅದೇ ಕೆಲಸದವಳು. ಮನೆಗೆ ಬಂದರೆ ಬಾಯಮ್ಮ ಬೇಲಿಯಾಚೆಯಿಂದ “ಚಾವಿ ಕೊಡು” ಎಂದದ್ದೇ ತಡ, ಯಾರೂ ಹೇಳದೆಯೇ ಹುಡುಗಿ ಬೀಗದ ಕೈ ಎತ್ತಿ ಕೊಟ್ಟಳು. ಅವಳ ಮನೆಯಲ್ಲೂ ಅದು ‘ಚಾವೆ’ಯೇ. ಬಾಯಮ್ಮನಂತೂ ಅವಳು ಯಾರೋ ದೂರದ ಸಂಬಂಧಿಯೇ ಇರಬೇಕೆಂದು ಇಂದಿಗೂ ನಂಬಿದ್ದಾರೆ.

ನಮ್ಮೂರಿಗೆ ಹೀಗೆ ಕಲಿಯಲು ಬಂದವರು ಹೊಸಬರೇನಲ್ಲ. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ತುಳು ನಿಘಂಟನ್ನು ಅಚ್ಚು ಹಾಕಿಸಿದರು. ಅದರೊಳಗಿನ ಅಡುಗೆಮನೆಯ ಪದಗಳು ಚರ್ಚಿನ ಮೆಟ್ಟಿಲ ಮೇಲೆ ಸಿಕ್ಕಿರಲಾರವು. ಅಮೆರಿಕದ ಮಾರ್ತಾ ಆಶ್ಟನ್ ಉಡುಪಿಗೆ ಬಂದು ಹಿರಿಯಡಕ ಗೋಪಾಲರಾಯರಲ್ಲಿ ಯಕ್ಷಗಾನ ಕಲಿತರು. ಮದ್ದಳೆ ಹಿಡಿದ ಗುರುವಿನ ಎದುರು ಯಾರೂ ಬಹಳ ಹೊತ್ತು ಅತಿಥಿಯಾಗಿ ಉಳಿಯಲಾರರು. ಇನ್ನು ಇಲ್ಲಿಂದ ಹೊರಗೆ ಹೋದವರ ಕಥೆ ಕೇಳಬೇಕೆ? ನನ್ನ ಸೋದರಮಾವ ಮೀಸೆ ಮೂಡುವ ಮುಂಚೆ ಮುಂಬಯಿಯ ಹೋಟೆಲಿಗೆ ಹೋದವರು. ಹಗಲು ಕಪ್ಪು ಬಸಿ ತೊಳೆಯುತ್ತ ಮರಾಠಿ, ಗುಜರಾತಿ, ಹಿಂದಿ ಕಲಿತರು. ಮಲಗುವುದು ಅದೇ ಹೋಟೆಲಿನ ಬೆಂಚಿನ ಮೇಲೆ. ಸರಿಯಾದ ಕನ್ನಡ ಕಲಿತದ್ದೂ ಅಲ್ಲಿಯ ಕನ್ನಡ ರಾತ್ರಿ ಶಾಲೆಯಲ್ಲಿ. ವಾಸ್ತವ್ಯ, ಊಟ, ಭಾಷೆ ಸೇರಿದ ಇಂಥ ಕೋರ್ಸಿಗೆ ಈಗ ಯುರೋಪಿನಲ್ಲಿ ವಾರದ ಲೆಕ್ಕದಲ್ಲಿ ಫೀಸು ಕಟ್ಟಬೇಕು. ಮಾವನಿಗೆ ಎದುರು ಸಂಬಳ ಕೊಟ್ಟಿದ್ದರು, ಪುಡಿಗಾಸಾದರೂ.

ಕಡೆಗೆ ಮಗಳು ಹೋದಳು. ಹುಡುಗಿಯ ಊರಿನ ಹತ್ತಿರವೇ ಒಂದು ಮನೆ ಗೊತ್ತಾಗಿತ್ತು. ಯಜಮಾನಿಯನ್ನು ನಮ್ಮವಳು ಪುಸ್ತಕದಲ್ಲಿದ್ದಂತೆ ‘ಉಸ್ತೇದ್’ ಎಂದು ಗೌರವದಿಂದ ಕರೆದಳಂತೆ. ಆಕೆಗೆ ಸಿಟ್ಟೇ ಬಂತು: ನನಗೇನು ಅಷ್ಟು ವಯಸ್ಸಾಗಿದೆಯೇ, ‘ತೂ’ ಅನ್ನು. ತಾಯಿಯ ಪ್ರಾಯದವರನ್ನು ‘ನೀನು’ ಅನ್ನಲು ಉಡುಪಿಯ ನಾಲಗೆ ಏಳುವುದಿಲ್ಲ. ತುಳುವಿನಲ್ಲಿ ‘ಈರ್’ ಅನ್ನಬೇಕಾದಲ್ಲಿ ‘ಈ’ ಅಂದು ಬಿದ್ದ ಪೆಟ್ಟು ನೆನಪಿರುತ್ತದೆ. ಹಾಗಾಗಿ ಬಹಳ ದಿನ ಅವಳು ಕರ್ತೃಪದವೇ ಇಲ್ಲದ ವಾಕ್ಯಗಳಲ್ಲಿ ಕಾಲ ಕಳೆದಳು. ಮಧ್ಯಾಹ್ನದ ಊಟ ಎರಡೂವರೆ ಮೂರಕ್ಕೆ, ರಾತ್ರಿಯದು ಹತ್ತಕ್ಕೆ. ಹತ್ತಕ್ಕೆ ಕೆಮ್ಮಣ್ಣಿನಲ್ಲಿ ನಾಯಿಗಳೂ ಮಲಗಿರುತ್ತವೆ. ಪಾದ್ರೋನ್ ಎಂಬ ಊರಿನ ಹಸಿಮೆಣಸನ್ನು ಎಣ್ಣೆಯಲ್ಲಿ ಹುರಿದು, ಉಪ್ಪು ಉದುರಿಸಿ ತಟ್ಟೆ ತುಂಬ ಇಡುತ್ತಾರೆ. ಹೆಚ್ಚಿನವು ಸಪ್ಪೆ, ನಡುವೆ ಯಾವುದೋ ಒಂದು ಖಾರ. ಆ ಖಾರದ್ದು ಸಿಕ್ಕಿ ಮನೆಯವರೆಲ್ಲ ನೀರು ನೀರು ಎಂದು ಒದ್ದಾಡುವಾಗ ನಮ್ಮವಳು ಖಾರ ಯಾವುದೆಂದು ಹುಡುಕುತ್ತ ತಟ್ಟೆ ಖಾಲಿ ಮಾಡಿದಳು. ಅಂದಿನಿಂದ ಅವಳಿಗೊಂದು ಸ್ಥಾನ ಬಂತು. ಸ್ಥಾನ ಬಂದ ಕೂಡಲೇ ಕೆಲಸವೂ ಬಂತು.

“ಪೋನ್ ಲಾ ಮೇಸಾ!” ಎಂದು ಯಜಮಾನಿ ಅಡುಗೆಮನೆಯಿಂದ ಕೂಗಿದರು. ತುಳುವಿನ ಕಿವಿಗೆ ಅದು ‘ಫೋನೂ... ಮೇಜು’ ಎಂದೇನೋ ಕೇಳಿಸಿತು. ಇವಳು ತನ್ನ ಫೋನನ್ನು ತಂದು ಮೇಜಿನ ಮೇಲಿಟ್ಟಳು. ಎರಡನೇ ಕೂಗಿಗೆ ಯಜಮಾನರ ಫೋನನ್ನೂ ತಂದಿಟ್ಟಳು. ಮೂರನೆಯದಕ್ಕೆ ಆ ಮನೆಯ ಅಜ್ಜಿ ಎದ್ದು ಬಂದು, ಗಲೀಸಿಯನ್ನಿನಲ್ಲಿ ಏನೋ ಗೊಣಗುತ್ತ ತಟ್ಟೆ, ಚಮಚ, ಬಟ್ಟೆ ಎಲ್ಲವನ್ನೂ ಅವಳ ಕೈಗೆ ತುರುಕಿದರು. ಊಟಕ್ಕೆ ಮೇಜು ಸಿದ್ಧ ಮಾಡು ಎಂಬುದು ಅದರ ಅರ್ಥ. ಆಮೇಲೆ ಕಸ ಕೆಳಗೆ ಒಯ್ಯಿ, ಬ್ರೆಡ್ ತಾ, ಅಜ್ಜಿಯ ಕನ್ನಡಕ ಹುಡುಕು. ಮಣಿಪಾಲದ ಪರೀಕ್ಷೆಯಲ್ಲಿ ತೊಂಬತ್ತಕ್ಕೆ ಏರಿದರೂ ಬಾಯಿಗೆ ಬಾರದಿದ್ದ ಸ್ಪ್ಯಾನಿಷ್, ಕಸದ ಚೀಲ ಹಿಡಿದು ಮೆಟ್ಟಿಲಿಳಿಯುವಾಗ ತಾನಾಗಿ ಬಂತು. ಮೊದಲು ಬಂದದ್ದು ಎದುರುತ್ತರ. ‘ತೂ’ ಕೂಡ ಅದರ ಬೆನ್ನಿಗೇ ಬಂತು.

ಒಂದು ದಿನ ವಿಡಿಯೋ ಕಾಲಿನಲ್ಲಿ ಆ ಅಜ್ಜಿಯನ್ನೂ ನಮ್ಮ ಚಿಕ್ಕಮ್ಮನನ್ನೂ ಮುಖಾಮುಖಿ ಮಾಡಿದೆವು. ದುಭಾಷಿಯಾಗಲು ಆಚೆ ನನ್ನ ಮಗಳು, ಈಚೆ ಮತ್ತೆ ಕೆಮ್ಮಣ್ಣಿಗೆ ಬಂದಿದ್ದ ಗಲೀಸಿಯಾದ ಹುಡುಗಿ. ಇಬ್ಬರ ಬಾಯಿಗೂ ಕೆಲಸ ಬೀಳಲಿಲ್ಲ. ಅಜ್ಜಿ ಅವರ ಭಾಷೆಯಲ್ಲಿ, ಚಿಕ್ಕಮ್ಮ ತುಳುವಿನಲ್ಲಿ, ಪರದೆಗೆ ಮೂಗು ತಾಗಿಸಿ ತಮ್ಮ ತಮ್ಮ ಮರುವಾಯಿ ತೋರಿಸಿಕೊಂಡರು. ಅವರದು ದೊಡ್ಡದು, ನಮ್ಮದು ಹೆಚ್ಚು. ಮಂಡಿ ಇಬ್ಬರದೂ ಒಂದೇ. ಮಾತು ಮುಗಿದ ಮೇಲೆ ಚಿಕ್ಕಮ್ಮ ನನ್ನನ್ನು ಕರೆದು, “ಅವರು ವಾರಕ್ಕೆ ಎಷ್ಟು ತೆಗೊಳ್ತಾರೆ ಮಾರಾಯಾ?” ಎಂದು ಕೇಳಿದರು. ನಾನು ಯೂರೋವನ್ನು ರೂಪಾಯಿ ಮಾಡಿ ಹೇಳಿದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆ ಶನಿವಾರವೇ ಬೋರ್ಡಿನ ಕೆಳಗೆ ರಟ್ಟಿನ ಚೂರೊಂದು ತೂಗಿತು. ಬಸಳೆ ಸೋಸುವವರಿಗೆ ಹಳೆಯ ದರ. ಕುರ್ಚಿಯಲ್ಲೇ ಕೂತು ಥ್ಯಾಂಕ್ಯೂ ಹೇಳುವವರಿಗೆ ದಿನಕ್ಕೆ ಇನ್ನೂರು ರೂಪಾಯಿ ಹೆಚ್ಚು. ಮೊದಲು ಬಂದ ಬೆಂಗಳೂರಿನ ಕುಟುಂಬ ರಟ್ಟನ್ನು ಎರಡು ಸಲ ಓದಿ, ತಮ್ಮತಮ್ಮಲ್ಲೇ ಚರ್ಚಿಸಿ, ಇನ್ನೂರು ಹೆಚ್ಚೇ ಕೊಟ್ಟಿತು.